ಕ್ರಾಫ್ಟ್‌ವೆರ್ಕ್ ತಂಡ: ಯಾರ ಪಾಲು ಏನು?

ಎಲೆಕ್ಟ್ರಾನಿಕ್ ಸಂಗೀತದ ಇತಿಹಾಸ ಓದುವಾಗ ಕ್ರಾಫ್ಟ್‌ವೆರ್ಕ್ ಆಲ್ಬಮ್‌ಗಳ ಹೆಸರು, ಇಸವಿಗಳನ್ನು ಉರು ಹೊಡೆಯುವವರೇ ಹೆಚ್ಚು. ಯಾರು ಯಾವಾಗ ಸೇರಿದರು, ಏನು ತಂದರು ಎಂಬ ಎಳೆ ಹಿಡಿದು ಓದಿದರೆ ಇಸವಿಗಳು ತಾವಾಗಿಯೇ ನೆನಪಿನಲ್ಲಿ ಉಳಿಯುತ್ತವೆ.

1970ರಲ್ಲಿ ಜರ್ಮನಿಯ ಡುಸೆಲ್ಡಾರ್ಫ್‌ನಲ್ಲಿ ತಂಡ ಕಟ್ಟಿದವರು ರಾಲ್ಫ್ ಹ್ಯೂಟರ್ ಮತ್ತು ಫ್ಲೋರಿಯನ್ ಶ್ನೈಡರ್. ಶ್ನೈಡರ್ ಆಗ ಕೊಳಲು ನುಡಿಸುತ್ತಿದ್ದರು. ಕ್ಲಿಂಗ್ ಕ್ಲಾಂಗ್ ಎಂಬ ಸ್ವಂತ ಸ್ಟುಡಿಯೊ ಅವರ ಪ್ರಯೋಗಶಾಲೆಯಾಯಿತು.

1973ರಲ್ಲಿ ವೋಲ್ಫ್‌ಗಾಂಗ್ ಫ್ಲೂರ್ ಬಂದರು. ಅವರು ನುಡಿಸಿದ ವಿದ್ಯುತ್ ತಾಳವಾದ್ಯವನ್ನು ಸರಿಯಾಗಿ ಅರ್ಥ ಮಾಡಿಕೊಳ್ಳಬೇಕು. ಹಲಗೆಯ ಮೇಲೆ ಸಣ್ಣ ಲೋಹದ ತಟ್ಟೆಗಳು, ಕೈಯಲ್ಲಿ ವೈರ್ ಜೋಡಿಸಿದ ಲೋಹದ ಕಡ್ಡಿಗಳು. ಕಡ್ಡಿ ತಟ್ಟೆಗೆ ತಾಗಿದೊಡನೆ ಸರ್ಕ್ಯೂಟ್ ಪೂರ್ಣಗೊಂಡು ಡ್ರಮ್ ಸದ್ದು ಹೊರಡುತ್ತದೆ. ಜೋರಾಗಿ ಬಡಿದರೂ ಮೆಲ್ಲನೆ ಮುಟ್ಟಿದರೂ ಸದ್ದು ಒಂದೇ. ಅವರ ತಾಳ ಅಷ್ಟು ಸಮನಾಗಿ, ಯಂತ್ರದಂತೆ ಕೇಳುವುದಕ್ಕೆ ಇದೂ ಒಂದು ಕಾರಣ. 1977ರಲ್ಲಿ ಅಮೆರಿಕದಲ್ಲಿ ದೊರೆತ ಪೇಟೆಂಟ್‌ನಲ್ಲಿ ಮಾತ್ರ ಹ್ಯೂಟರ್, ಶ್ನೈಡರ್ ಇಬ್ಬರ ಹೆಸರಷ್ಟೇ ಇದೆ. ಒಟ್ಟಾಗಿ ದುಡಿಯುವ ತಂಡದಲ್ಲಿ ಶ್ರೇಯಸ್ಸು ಯಾರಿಗೆ ಸಲ್ಲುತ್ತದೆ ಎಂಬುದನ್ನು ಇಲ್ಲಿಂದಲೇ ಗಮನಿಸುತ್ತಾ ಹೋಗಿ.

1974ರ 'ಆಟೋಬಾನ್' (ಜರ್ಮನ್ ಭಾಷೆಯಲ್ಲಿ ಹೆದ್ದಾರಿ) ಆಲ್ಬಮ್‌ನ ಒಂದು ಬದಿಯನ್ನು 22 ನಿಮಿಷಕ್ಕೂ ಮೀರಿದ ಒಂದೇ ಕೃತಿ ಆವರಿಸಿದೆ. ಕಾರಿನ ಬಾಗಿಲು ಮುಚ್ಚುವ ಸದ್ದು, ಎಂಜಿನ್ ಹೊತ್ತಿಕೊಳ್ಳುವ ಸದ್ದು, ಆಮೇಲೆ ಸಂಗೀತ. ಸಾಹಿತ್ಯಕ್ಕೆ ಕೈಜೋಡಿಸಿದವರು ಚಿತ್ರಕಾರ ಎಮಿಲ್ ಶುಲ್ಟ್. ಇದನ್ನೇ ಮೂರೂವರೆ ನಿಮಿಷಕ್ಕೆ ಕತ್ತರಿಸಿದ ಮೇಲೆ ಅಮೆರಿಕದ ರೇಡಿಯೊಗಳು ಪ್ರಸಾರ ಮಾಡಿದವು.

1975ರಲ್ಲಿ ಕಾರ್ಲ್ ಬಾರ್ಟೊಸ್ ಸೇರಿದರು. ಶಾಸ್ತ್ರೀಯ ತಾಳವಾದ್ಯಗಳಲ್ಲಿ ತರಬೇತಿ ಪಡೆದಿದ್ದ ಅವರ ಹೆಸರು 1978ರ 'ದಿ ಮ್ಯಾನ್-ಮೆಷೀನ್'ನಿಂದ ಸಂಯೋಜಕರ ಸಾಲಿಗೂ ಬಂತು. ನನ್ನ ಮಟ್ಟಿಗೆ ತಂಡದ ಶಿಖರ ಇದು ಮತ್ತು 1981ರ 'ಕಂಪ್ಯೂಟರ್ ವರ್ಲ್ಡ್'.

ಬಳಿಕ ಕೆಲಸ ನಿಧಾನವಾಯಿತು. 1987ರಲ್ಲಿ ಫ್ಲೂರ್, 1990ರಲ್ಲಿ ಬಾರ್ಟೊಸ್ ಹೊರನಡೆದರು. 1991ರ 'ದಿ ಮಿಕ್ಸ್' ಹಳೆಯ ಕೃತಿಗಳ ಮರುರೂಪ. ಹೊಸ ಆಲ್ಬಮ್‌ಗೆ 2003ರವರೆಗೆ ಕಾಯಬೇಕಾಯಿತು. 2008ರಲ್ಲಿ ತಂಡ ಬಿಟ್ಟ ಶ್ನೈಡರ್ 2020ರಲ್ಲಿ ತೀರಿಕೊಂಡರು.

ತಂಡ ಬೀರಿದ ಪ್ರಭಾವದ ಪ್ರಶ್ನೆಗೆ ಪುಟಗಟ್ಟಲೆ ಬರೆಯುವ ಮೊದಲು ಮೂರು ಹಾಡು ಕೇಳಿ: ಕ್ರಾಫ್ಟ್‌ವೆರ್ಕ್‌ನದೇ 'ಟ್ರಾನ್ಸ್-ಯುರೋಪ್ ಎಕ್ಸ್‌ಪ್ರೆಸ್', 'ನಂಬರ್ಸ್', ಕೊನೆಗೆ ನ್ಯೂಯಾರ್ಕ್‌ನ ಹಿಪ್‌ಹಾಪ್ ಕಲಾವಿದ ಆಫ್ರಿಕಾ ಬಂಬಾಟಾ 1982ರಲ್ಲಿ ಹೊರತಂದ 'ಪ್ಲಾನೆಟ್ ರಾಕ್'. ಮೊದಲನೆಯದರ ರಾಗ, ಎರಡನೆಯದರ ತಾಳ ಮೂರನೆಯದರಲ್ಲಿ ಎದ್ದು ಕೇಳುತ್ತವೆ.