ಒಂದೇ ಕಲ್ಲಿನ ಎರಡು ಮಣ್ಣು

ಬೆಳಗಾವಿಯಲ್ಲಿ ಹೊಸ ಅಪಾರ್ಟ್‌ಮೆಂಟ್ ಬರುವ ಜಾಗದಲ್ಲಿ ಎಲ್ಲಕ್ಕಿಂತ ಮೊದಲು ಎದ್ದು ನಿಲ್ಲುವುದು ಫಲಕ. ಅದರ ಮೇಲೆ ತಿಳಿ ಆಕಾಶ, ಗಾಜಿನ ಬಾಲ್ಕನಿ, ಹುಲ್ಲಿನ ಮೇಲೆ ಓಡುವ ಮಕ್ಕಳು. ನನಗೆ ಆ ಫಲಕದ ಹಿಂದಿನ ಗುಂಡಿಯನ್ನು ಇಣುಕಿ ನೋಡುವ ಅಭ್ಯಾಸ. ಜೆಸಿಬಿ ಪಾಯ ತೋಡಿ ಹೋದ ಮರುದಿನ ಗುಂಡಿಯ ಗೋಡೆ ಇನ್ನೂ ಹಸಿಯಾಗಿರುತ್ತದೆ, ನೆಲದ ಪದರಗಳು ಸ್ಪಷ್ಟವಾಗಿ ಕಾಣುತ್ತವೆ. ಹಿಂಡಲಗಾ ಕಡೆ ಆ ಗೋಡೆ ಇಟ್ಟಿಗೆಯ ಬಣ್ಣದ್ದು. ಮಣ್ಣನ್ನು ಹಿಡಿಯಲ್ಲಿ ತೆಗೆದುಕೊಂಡರೆ ಹರಳು ಹರಳಾಗಿ ಉದುರುತ್ತದೆ. ದಕ್ಷಿಣಕ್ಕೆ, ವಡಗಾಂವ ದಾಟಿ ಯಳ್ಳೂರು ರಸ್ತೆಯ ಕಡೆ ಹೋದರೆ ಗುಂಡಿ ಕಪ್ಪು. ಮಳೆಯ ದಿನ ಅಲ್ಲಿ ನಡೆದರೆ ಚಪ್ಪಲಿಗೆ ಹತ್ತಿದ ಮಣ್ಣು ಹೆಜ್ಜೆ ಹೆಜ್ಜೆಗೂ ದಪ್ಪವಾಗುತ್ತದೆ. ಎರಡರ ನಡುವೆ ಹತ್ತು ಕಿಲೋಮೀಟರ್ ದೂರವೂ ಇರಲಾರದು. ಫಲಕದ ಮೇಲಿನ ಚಿತ್ರ ಮಾತ್ರ ಎರಡೂ ಕಡೆ ಒಂದೇ.

2011ರ ಜನಗಣತಿಯಲ್ಲಿ ಬೆಳಗಾವಿ ನಗರದ ಜನಸಂಖ್ಯೆ ಸುಮಾರು 4.9 ಲಕ್ಷವಿತ್ತು. ಅಲ್ಲಿಂದ ಇಲ್ಲಿಯವರೆಗೆ ಊರು ಬೆಳೆದಿರುವುದನ್ನು ಹೇಳಲು ಅಂಕಿಗಳೇ ಬೇಕಿಲ್ಲ, ಒಮ್ಮೆ ಹೊರವಲಯ ಸುತ್ತಿ ಬಂದರೆ ಸಾಕು. ಗುಂಟೆಯ ಬೆಲೆ ಏರಿದಂತೆ ಮನೆಗಳು ಒಂದರ ಮೇಲೊಂದು ಕೂರುತ್ತಿವೆ. ಬಾಸುಮತಿ ಭತ್ತ ಬೆಳೆಯುತ್ತಿದ್ದ ಎರೆಹೊಲಗಳ, ಅಂದರೆ ಕಪ್ಪು ಮಣ್ಣಿನ ಹೊಲಗಳ, ಅಂಚಿಗೂ ಐದು ಮಹಡಿಯ ಕಟ್ಟಡಗಳು ಬಂದಿವೆ. ಭತ್ತಕ್ಕೆ ಆ ನೆಲ ಒಳ್ಳೆಯದಾಗಿತ್ತು, ಏಕೆಂದರೆ ಅದು ನೀರನ್ನು ಬಿಟ್ಟುಕೊಡುವುದಿಲ್ಲ. ಕಟ್ಟಡಕ್ಕೆ ಅದೇ ಗುಣ ಕಷ್ಟ ತರುತ್ತದೆ.

ಇದು ನನಗೆ ಪುಸ್ತಕದಿಂದ ತಿಳಿದದ್ದಲ್ಲ. ನಮ್ಮ ತಂದೆ ಕಟ್ಟಿಸಿದ ಎರಡು ಕೋಣೆಯ ಮನೆ ಎರೆಮಣ್ಣಿನ ಮೇಲಿದೆ. ಕಟ್ಟಿದ ಮೂರನೆಯ ವರ್ಷ ಕಿಟಕಿಯ ಮೂಲೆಯಿಂದ ಓರೆಯಾಗಿ ಒಂದು ಬಿರುಕು ಹೊರಟಿತು. ಗೌಂಡಿ ಬಂದು ಸಿಮೆಂಟ್ ತುಂಬಿ ಗಿಲಾವು ಬಳಿದು ಹೋದ. ಮುಂದಿನ ಬೇಸಿಗೆಗೆ ಅದು ಮತ್ತೆ ಅಲ್ಲೇ ಬಾಯಿ ತೆರೆಯಿತು. ತಂದೆ ಆಮೇಲೆ ಅದನ್ನು ಮುಚ್ಚಿಸುವುದನ್ನು ಬಿಟ್ಟು, ಬಿರುಕಿನ ತುದಿ ಮುಟ್ಟಿದ ಕಡೆ ಪೆನ್ಸಿಲ್‌ನಿಂದ ಗೆರೆ ಎಳೆದು ತಾರೀಖು ಬರೆಯತೊಡಗಿದರು. ಮೇ ತಿಂಗಳಲ್ಲಿ ಅದರೊಳಗೆ ನಾಣ್ಯ ಹೊಗುತ್ತಿತ್ತು. ಆಗಸ್ಟ್‌ನಲ್ಲಿ ಪೋಸ್ಟ್ ಕಾರ್ಡಿನ ಅಂಚೂ ಹೊಗುತ್ತಿರಲಿಲ್ಲ. ಗೋಡೆ ಕೆಟ್ಟಿಲ್ಲ, ಅದರ ಕೆಳಗೆ ಏನೋ ಉಸಿರಾಡುತ್ತಿದೆ ಎಂದು ಅವರು ಹೇಳುತ್ತಿದ್ದರು. ಆ ಮಾತು ವಿಜ್ಞಾನಕ್ಕೆ ಎಷ್ಟು ಹತ್ತಿರವಾಗಿತ್ತು ಎಂಬುದು ನನಗೆ ಬಹಳ ತಡವಾಗಿ ತಿಳಿಯಿತು.

ಮಣ್ಣಿನ ಪ್ರಯೋಗಾಲಯಗಳಲ್ಲಿ ಒಂದು ಸರಳ ಪರೀಕ್ಷೆ ಇದೆ. ಒಲೆಯಲ್ಲಿ ಒಣಗಿಸಿ ಜರಡಿ ಹಿಡಿದ ಮಣ್ಣನ್ನು ಹತ್ತು ಹತ್ತು ಗ್ರಾಂ ತೂಗಿ ಎರಡು ಗಾಜಿನ ಅಳತೆ ಕೊಳವೆಗಳಿಗೆ ಹಾಕುತ್ತಾರೆ. ಒಂದಕ್ಕೆ ಶುದ್ಧ ನೀರು, ಇನ್ನೊಂದಕ್ಕೆ ಸೀಮೆಎಣ್ಣೆ. 24 ಗಂಟೆ ಕಳೆದ ಮೇಲೆ ಎರಡರಲ್ಲೂ ಮಣ್ಣು ಎಷ್ಟು ಎತ್ತರಕ್ಕೆ ನಿಂತಿದೆ ಎಂದು ನೋಡುತ್ತಾರೆ. ಸೀಮೆಎಣ್ಣೆಯಲ್ಲಿ ಮಣ್ಣು ಉಬ್ಬುವುದಿಲ್ಲ, ಆದ್ದರಿಂದ ಅದೇ ಮೂಲ ಅಳತೆ. ಅಲ್ಲಿ 10 ಮಿಲಿಲೀಟರ್ ಗುರುತಿಗೆ ನಿಂತ ಮಣ್ಣು ನೀರಿನಲ್ಲಿ 20ಕ್ಕೆ ಏರಿದ್ದರೆ ಉಬ್ಬುವಿಕೆ ಶೇಕಡಾ 100. ಭಾರತೀಯ ಮಾನಕದ ಪ್ರಕಾರ ಶೇಕಡಾ 50ರ ಒಳಗಿದ್ದರೆ ಹೆಚ್ಚು ಚಿಂತೆಯಿಲ್ಲ. 100 ದಾಟಿದರೆ ಅಪಾಯದ ಮಣ್ಣು, 200 ದಾಟಿದರೆ ತೀವ್ರ ಅಪಾಯದ್ದು. ಕೋಟಿಗಟ್ಟಲೆ ರೂಪಾಯಿ ಸುರಿಯುವ ಕಟ್ಟಡದ ಹಣೆಬರಹ ಎರಡು ಗಾಜಿನ ಕೊಳವೆಗಳಲ್ಲಿ ಒಂದೇ ದಿನದಲ್ಲಿ ಕಾಣಿಸಿಕೊಳ್ಳುತ್ತದೆ ಎಂಬುದು ನನಗೆ ಇಂದಿಗೂ ಅಚ್ಚರಿ.

ಈ ಉಬ್ಬುವಿಕೆಗೆ ಕಾರಣ ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ಖನಿಜ. ಅದರ ಕಣವೊಂದು ತೆಳುವಾದ ಹಾಳೆಗಳ ಕಟ್ಟಿನಂತಿರುತ್ತದೆ. ಪ್ರತಿ ಹಾಳೆಯಲ್ಲೂ ಸಿಲಿಕಾದ ಎರಡು ಪದರಗಳ ನಡುವೆ ಅಲ್ಯುಮಿನಾದ ಒಂದು ಪದರ ಸಿಕ್ಕಿಕೊಂಡಿರುತ್ತದೆ. ಒಂದು ಹಾಳೆಗೂ ಇನ್ನೊಂದಕ್ಕೂ ಇರುವ ಬೆಸುಗೆ ಬಹಳ ಸಡಿಲ. ಹಾಳೆಗಳ ಮೇಲೆ ಋಣ ವಿದ್ಯುದಂಶವಿದ್ದು, ಅದನ್ನು ಸರಿದೂಗಿಸಲು ಸೋಡಿಯಂ, ಕ್ಯಾಲ್ಸಿಯಂ ಅಯಾನುಗಳು ನಡುವೆ ನಿಂತಿರುತ್ತವೆ. ನೀರು ಬಂದಾಗ ಆ ಅಯಾನುಗಳು ಅದನ್ನು ಒಳಗೆ ಎಳೆದುಕೊಳ್ಳುತ್ತವೆ, ಹಾಳೆಗಳು ದೂರ ಸರಿಯುತ್ತವೆ. ಬಿಸಿಲಿಗೆ ನೀರು ಆರಿದಾಗ ಮತ್ತೆ ಕೂಡಿಕೊಳ್ಳುತ್ತವೆ. ಒಂದು ಗ್ರಾಂ ಮಾಂಟ್‌ಮೊರಿಲೊನೈಟಿನ ಹಾಳೆಗಳನ್ನೆಲ್ಲ ಬಿಡಿಸಿ ಹಾಸಿದರೆ ಸುಮಾರು 800 ಚದರ ಮೀಟರ್ ಆದೀತು. ನಮ್ಮ ಲೆಕ್ಕದಲ್ಲಿ ಹೇಳಬೇಕೆಂದರೆ ಹತ್ತಿರ ಹತ್ತಿರ ಎಂಟು ಗುಂಟೆ. ಚಿಟಿಕೆ ಮಣ್ಣಿನಲ್ಲಿ ನೀರು ಅಂಟಿಕೊಳ್ಳಲು ಅಷ್ಟು ಜಾಗ! ಬೇಸಿಗೆಯಲ್ಲಿ ಎರೆಹೊಲ ಕೈ ಹೊಗುವಷ್ಟು ಬಾಯಿ ಬಿಡುವುದು, ಮೇಲಿನ ಮಣ್ಣು ಆ ಬಿರುಕುಗಳಿಗೆ ಬಿದ್ದು ತಾನೇ ಮಗುಚಿಕೊಳ್ಳುವುದು, ‘ತನ್ನನ್ನು ತಾನೇ ಉಳುವ ನೆಲ’ ಎಂಬ ಹೆಸರು ಅದಕ್ಕೆ ಬಂದದ್ದು, ಎಲ್ಲಕ್ಕೂ ಈ ಹಾಳೆಗಳೇ ಮೂಲ.

ನನ್ನನ್ನು ಎಲ್ಲಕ್ಕಿಂತ ಹೆಚ್ಚು ಸೆಳೆದ ವಿಷಯ ಬೇರೆ. ಹಿಂಡಲಗಾದ ಕೆಂಪು ಮಣ್ಣಿಗೂ ಯಳ್ಳೂರಿನ ಕಪ್ಪು ಮಣ್ಣಿಗೂ ತಾಯಿ ಒಬ್ಬಳೇ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಭೂಮಿ ಸೀಳಿ ಹರಿದ ಲಾವಾ ದಖ್ಖನ್ನಿನ ಬಹುಭಾಗವನ್ನು ಮುಚ್ಚಿತು. ಅದು ತಣಿದು ಆದ ಕರಿಗಲ್ಲು ಬಸಾಲ್ಟ್. ಆ ಹಾಸಿನ ದಕ್ಷಿಣದ ಅಂಚು ನಮ್ಮ ಜಿಲ್ಲೆಯಲ್ಲಿಯೇ ಹಾದುಹೋಗುತ್ತದೆ. ಇದೇ ಕಲ್ಲು ಸಹ್ಯಾದ್ರಿಯ ಸೆರಗಿನಲ್ಲಿ ಸಾವಿರಾರು ಮಿಲಿಮೀಟರ್ ಮಳೆಗೆ ನೆನೆದಾಗ ಅದರೊಳಗಿನ ಕ್ಯಾಲ್ಸಿಯಂ, ಮೆಗ್ನೀಸಿಯಂ, ಕೊನೆಗೆ ಸಿಲಿಕಾ ಕೂಡ ಕರಗಿ ಹರಿದುಹೋದವು. ಉಳಿದದ್ದು ಕಬ್ಬಿಣ ಮತ್ತು ಅಲ್ಯುಮಿನಿಯಂ. ಅದೇ ಜಂಬಿಟ್ಟಿಗೆ, ಅದೇ ಕೆಂಪು ಗರಸು. ನಮ್ಮ ಜಿಲ್ಲೆಯ ಬಾಕ್ಸೈಟ್ ಎಂಬ ಅಲ್ಯುಮಿನಿಯಂ ಅದಿರು ಕೂಡ ಈ ತೊಳೆತದಿಂದಲೇ ಹುಟ್ಟಿದ್ದು. ಪೂರ್ವಕ್ಕೆ ಸರಿದಂತೆ ಮಳೆ ಇಳಿಯುತ್ತದೆ, ಅಥಣಿ ಕಡೆ ವರ್ಷಕ್ಕೆ 600 ಮಿಲಿಮೀಟರ್ ಬಂದರೆ ಒಳ್ಳೆಯ ವರ್ಷ. ಅಲ್ಲಿ ಮತ್ತು ನೀರು ಬಸಿಯದೆ ನಿಲ್ಲುವ ತಗ್ಗುಗಳಲ್ಲಿ ಆ ಧಾತುಗಳು ಕೊಚ್ಚಿಹೋಗದೆ ಉಳಿದು, ಸಿಲಿಕಾದೊಡನೆ ಸೇರಿ ಉಬ್ಬುವ ಜೇಡಿಯಾದವು. ಬೆಳಗಾವಿ ನಗರ ಕುಳಿತಿರುವುದು ಈ ಎರಡು ಹವೆಗಳು ಸಂಧಿಸುವ ಜಾಗದಲ್ಲಿ. ಅದಕ್ಕೇ ಒಂದೇ ಊರಿನಲ್ಲಿ ಎರಡು ನೆಲ. ನಮ್ಮ ರೈತರು ಕಪ್ಪನ್ನು ಎರೆ, ಕೆಂಪನ್ನು ಮಸಾರಿ ಎಂದು ತಲೆತಲಾಂತರದಿಂದ ಬೇರೆ ಬೇರೆಯಾಗಿ ಗುರುತಿಸಿ, ಬೆಳೆಯನ್ನೂ ಬೇರೆ ಬೇರೆಯಾಗಿಯೇ ಇಟ್ಟರು. ಕಟ್ಟಡದ ನಕ್ಷೆಗಳಲ್ಲಿ ಆ ವಿವೇಕ ಇನ್ನೂ ಪೂರ್ತಿ ಇಳಿದಿಲ್ಲ ಎಂಬುದೇ ನನ್ನ ಕಳವಳ.

ಐದು ಮಹಡಿಯ ಕಟ್ಟಡ ಭಾರವಾಗಿರುವುದರಿಂದ ಮಣ್ಣಿಗೆ ಅದನ್ನು ಎತ್ತಲು ಆಗುವುದಿಲ್ಲ, ಚಿಂತೆಯೆಲ್ಲ ಸಣ್ಣ ಮನೆಗಳದ್ದು ಎಂದು ಕೆಲವರು ಹೇಳುತ್ತಾರೆ. ಅದರಲ್ಲಿ ಅರ್ಧ ನಿಜವಿದೆ. ವಾಸದ ಕಾಂಕ್ರೀಟ್ ಕಟ್ಟಡದ ಒಂದು ಮಹಡಿ ಚದರ ಮೀಟರಿಗೆ ಸುಮಾರು ಒಂದು ಟನ್ ಭಾರ ಹೊರಿಸುತ್ತದೆ. ಚೆನ್ನಾಗಿ ಉಬ್ಬುವ ಎರೆಮಣ್ಣು ಅದೇ ಚದರ ಮೀಟರಿಗೆ ಹತ್ತು–ಇಪ್ಪತ್ತು ಟನ್ ಬಲದಿಂದ ಮೇಲಕ್ಕೆ ತಳ್ಳಬಲ್ಲದು. ನಮ್ಮ ಎರಡು ಕೋಣೆಯ ಮನೆ ಅದಕ್ಕೆ ಎಷ್ಟರದು? ಅಪಾರ್ಟ್‌ಮೆಂಟಿನಲ್ಲಾದರೋ ಭಾರವೆಲ್ಲ ಕಂಬಗಳ ಮೂಲಕ ಅವುಗಳ ಬುಡದ ಕೆಲವೇ ಕಾಂಕ್ರೀಟ್ ಪಾದಗಳ (ಫೂಟಿಂಗ್) ಮೇಲೆ ಒತ್ತುತ್ತದೆ. ಆ ಪಾದಗಳು ಗಟ್ಟಿ ನೆಲ ಮುಟ್ಟಿದ್ದರೆ ಜಗ್ಗುವುದಿಲ್ಲ. ಉಳಿದರ್ಧ ಕಂಬಗಳ ನಡುವಿನದು. ವಾಹನ ನಿಲ್ಲಿಸುವ ಜಾಗದ ಹಾಸು, ಕಾಂಪೌಂಡ್ ಗೋಡೆ, ನೀರಿನ ಸಂಪು, ಒಳಚರಂಡಿ ಕೊಳವೆ, ಇವು ಎಲ್ಲವೂ ಹಗುರ, ಎಲ್ಲವೂ ಮಣ್ಣಿನ ಮೇಲೆಯೇ ಕುಳಿತವು. ಕಟ್ಟಡ ಅಲುಗದೆ ನಿಂತಿದ್ದು ಕೊಳವೆ ಮಾತ್ರ ಮಣ್ಣಿನ ಜೊತೆ ಏಳುತ್ತ ಇಳಿಯುತ್ತ ಇದ್ದರೆ, ಎರಡೂ ಕೂಡುವ ಜಾಗದಲ್ಲಿ ಜೋಡಣೆ ಬಿಡುತ್ತದೆ. ನೀರು ಸೋರಿ ಮಣ್ಣು ಇನ್ನಷ್ಟು ಉಬ್ಬುತ್ತದೆ, ಬಿಟ್ಟ ಜೋಡಣೆ ಇನ್ನಷ್ಟು ಬಿಡುತ್ತದೆ. ತಳಮಹಡಿಯ ಒದ್ದೆ ಗೋಡೆಗೆ ಬಣ್ಣದವರನ್ನು ಕರೆಸುವ ಮುಂಚೆ ಈ ಸೋರಿಕೆಯನ್ನು ಹುಡುಕಿಸಬೇಕು.

ಇನ್ನೊಂದು ಸೂಕ್ಷ್ಮವಿದೆ. ಕಟ್ಟಡ ತನ್ನ ಕೆಳಗಿನ ನೆಲವನ್ನೇ ಬದಲಿಸುತ್ತದೆ. ಹಾಸು ಹಾಕಿದ ಮೇಲೆ ನಡುವಿನ ಮಣ್ಣಿನಿಂದ ತೇವ ಆರಿಹೋಗಲು ದಾರಿಯಿಲ್ಲ, ಅಲ್ಲಿ ತೇವ ಕೂಡುತ್ತ ಹೋಗುತ್ತದೆ. ಅಂಚಿನ ಮಣ್ಣು ಮಾತ್ರ ಪ್ರತಿ ಬೇಸಿಗೆಯಲ್ಲಿ ಒಣಗುತ್ತದೆ, ಪ್ರತಿ ಮಳೆಗಾಲದಲ್ಲಿ ನೆನೆಯುತ್ತದೆ. ಹೀಗೆ ನಡುವು ನಿಧಾನವಾಗಿ ಗುಡ್ಡದಂತೆ ಏಳುತ್ತದೆ. ಇಡೀ ಕಟ್ಟಡ ಸಮನಾಗಿ ಒಂದಿಂಚು ಇಳಿದರೆ ಒಳಗಿರುವವರಿಗೆ ಗೊತ್ತೂ ಆಗಲಿಕ್ಕಿಲ್ಲ. ಒಂದು ಮೂಲೆ ಇಳಿದು ಇನ್ನೊಂದು ಏರಿದರೆ ಗೋಡೆ ಸೀಳುತ್ತದೆ.

ಪರಿಹಾರಗಳು ನಮ್ಮ ದೇಶದಲ್ಲಿಯೇ ಹುಟ್ಟಿವೆ. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ 1950ರ ದಶಕದಲ್ಲಿ ಎರೆಮಣ್ಣಿಗೆಂದೇ ಒಂದು ಬಗೆಯ ಪೈಲ್, ಅಂದರೆ ನೆಲದೊಳಗೆ ಇಳಿಸುವ ಕಂಬ, ರೂಪಿಸಿತು. ನೆಲದಲ್ಲಿ ಕಿರಿದಾದ ಕುಳಿ ಕೊರೆದು, ಅದರ ತಳದ ಬಳಿ ವಿಶೇಷ ಉಪಕರಣದಿಂದ ಗಡ್ಡೆಯಂತೆ ಅಗಲಿಸಿ, ಸರಳು ಇಳಿಸಿ ಕಾಂಕ್ರೀಟ್ ತುಂಬುತ್ತಾರೆ. ಗಡ್ಡೆಯ ಅಗಲ ಸಾಮಾನ್ಯವಾಗಿ ಕಂಬದ ಅಗಲದ ಎರಡೂವರೆ ಪಟ್ಟು. ಋತುಮಾನದ ಉಬ್ಬರ–ಕುಗ್ಗುವಿಕೆ ಸುಮಾರು ಮೂರೂವರೆ ಮೀಟರ್ ಆಳಕ್ಕೆ ಬಹುಮಟ್ಟಿಗೆ ನಿಲ್ಲುತ್ತದೆ. ಗಡ್ಡೆ ಅದಕ್ಕಿಂತ ಕೆಳಗೆ ಕುಳಿತು, ಮೂಲಂಗಿಯನ್ನು ಎಲೆ ಹಿಡಿದು ಎಳೆದರೂ ಬಾರದಂತೆ ಹಿಡಿದುಕೊಳ್ಳುತ್ತದೆ. ಎರೆ ತೆಳುವಾಗಿದ್ದರೆ ಇಷ್ಟೂ ಬೇಕಿಲ್ಲ. ಅದನ್ನು ಪೂರ್ತಿ ತೆಗೆದು, ಕೆಳಗಿನ ಗರಸು ಅಥವಾ ಕಲ್ಲಿನ ಮೇಲೆ ಪಾದ ಇಡುವುದೇ ಸರಿ.

ಎರಡನೆಯ ಪರಿಹಾರ ನಮ್ಮ ಮನೆಯಂಗಳದ್ದೇ. ಸವದತ್ತಿ ಬಳಿಯ ನವಿಲುತೀರ್ಥ ಅಣೆಕಟ್ಟೆಯಿಂದ ಹೊರಟ ಮಲಪ್ರಭಾ ಕಾಲುವೆಗಳು ಎರೆ ನಾಡಿನಲ್ಲಿ ಹಾಯುವಾಗ ಕಾಂಕ್ರೀಟ್ ಹಾಸನ್ನು ಮಣ್ಣು ಎತ್ತಿ ಒಡೆಯುವ ಸಮಸ್ಯೆ ಎದುರಾಯಿತು. ಬಾಂಬೆ ಐಐಟಿಯ ಪ್ರಾಧ್ಯಾಪಕ ಆರ್. ಕೆ. ಕಟ್ಟಿ ಅವರು ಇಂಥ ಮಣ್ಣಿನ ಮೇಲೆ ವರ್ಷಗಟ್ಟಲೆ ಪ್ರಯೋಗ ನಡೆಸಿ, ಎರೆ ಮತ್ತು ಕಾಂಕ್ರೀಟಿನ ನಡುವೆ ಉಬ್ಬದ ಆದರೆ ಅಂಟುಗುಣವುಳ್ಳ ಗರಸಿನಂಥ ಮಣ್ಣನ್ನು ಸುಮಾರು ಒಂದು ಮೀಟರ್ ದಪ್ಪಕ್ಕೆ ತುಂಬಿ ದಮ್ಮಸು ಮಾಡಿದರೆ ಉಬ್ಬು ಮೇಲೆ ಬಾರದು ಎಂದು ತೋರಿಸಿದರು. ಕಪ್ಪು ಮಣ್ಣಿನ ರೋಗಕ್ಕೆ ಕೆಂಪು ಮಣ್ಣೇ ಔಷಧ! ಆದರೆ ಯಾವ ಗರಸಾದರೂ ಆದೀತು ಎಂದಲ್ಲ. ಅಂಟಿಲ್ಲದ ಮರಳು ತುಂಬಿದರೆ ಮಳೆನೀರು ನೇರವಾಗಿ ಕೆಳಗಿಳಿದು ಎರೆಗೆ ಕುಡಿಸಿದಂತಾಗುತ್ತದೆ. ಪಾಯ ತೋಡಿ ತೆಗೆದ ಕಪ್ಪು ಮಣ್ಣನ್ನೇ ಮರಳಿ ಸುತ್ತ ತುಂಬಿ ಕೈತೊಳೆದುಕೊಳ್ಳುವುದನ್ನೂ ನಾನು ಕಣ್ಣಾರೆ ಕಂಡಿದ್ದೇನೆ. ಅದನ್ನು ನೋಡಿದಾಗ ನಿಜಕ್ಕೂ ಸಿಟ್ಟು ಬರುತ್ತದೆ, ಏಕೆಂದರೆ ಉಳಿಯುವುದು ಕೆಲವು ಲಾರಿಗಳ ಬಾಡಿಗೆ, ಹೋಗುವುದು ಯಾರದೋ ಜೀವಮಾನದ ಸಾಲದ ದುಡ್ಡು.

ಹಾಗೆಂದು ಕೆಂಪು ನೆಲದಲ್ಲಿ ಕಣ್ಣುಮುಚ್ಚಿ ಕಟ್ಟಬಹುದೆಂದಲ್ಲ. ಜಂಬಿಟ್ಟಿಗೆಯ ಮೇಲ್ಪದರ ಗಟ್ಟಿ, ಅದರ ಕೆಳಗೆ ಕರಾವಳಿಯವರು ಶೇಡಿ ಎನ್ನುವಂಥ ಮೆತ್ತನೆಯ ಮಣ್ಣು ಅಡಗಿರಬಹುದು. ಎರಡು ಮೀಟರಿಗೆ ಕಲ್ಲು ಸಿಕ್ಕಿತೆಂದು ಅಲ್ಲಿಗೇ ಕೊರೆತ ನಿಲ್ಲಿಸಿದರೆ ಮೋಸಹೋಗುತ್ತೇವೆ. ಅದಕ್ಕೇ ಕುಳಿ ಕೊರೆಯುತ್ತ, 63.5 ಕಿಲೋ ತೂಕದ ಸುತ್ತಿಗೆಯನ್ನು 75 ಸೆಂಟಿಮೀಟರ್ ಎತ್ತರದಿಂದ ಬಿಟ್ಟು, ಕೊಳವೆ 30 ಸೆಂಟಿಮೀಟರ್ ಇಳಿಯಲು ಎಷ್ಟು ಪೆಟ್ಟು ಬೇಕಾಯಿತು ಎಂದು ಆಳ ಆಳಕ್ಕೆ ಎಣಿಸುತ್ತಾರೆ. ಪೆಟ್ಟಿನ ಸಂಖ್ಯೆ ಏರುತ್ತ ಹೋಗಬೇಕು. ನಡುವೆ ಒಮ್ಮೆಲೇ ಕುಸಿದರೆ ಅಲ್ಲಿ ಮೆತ್ತನೆಯ ಪದರವಿದೆ ಎಂದರ್ಥ.

ಫ್ಲ್ಯಾಟ್ ಕೊಳ್ಳುವವರು ಈ ಪರೀಕ್ಷೆಗಳ ಫಲ ಬರೆದಿರುವ ಮಣ್ಣಿನ ವರದಿಯನ್ನು ಕೇಳಿ ನೋಡಬೇಕು. ಎಷ್ಟು ಕುಳಿ ಕೊರೆದರು, ಎಷ್ಟು ಆಳಕ್ಕೆ, ಉಬ್ಬುವಿಕೆ ಎಷ್ಟು ಬಂತು, ಪಾದ ಯಾವ ಪದರದ ಮೇಲಿದೆ. ಅಡುಗೆಮನೆಯ ಕಟ್ಟೆಗೆ ಯಾವ ಗ್ರಾನೈಟ್ ಎಂದು ಅರ್ಧ ಗಂಟೆ ಚರ್ಚಿಸುವ ನಾವು ಇದಕ್ಕೆ ಐದು ನಿಮಿಷವಾದರೂ ಕೊಡಬೇಡವೇ? ರಿಯಲ್ ಎಸ್ಟೇಟ್ ವ್ಯವಹಾರವನ್ನು ನಿಯಂತ್ರಿಸುವ 2016ರ ರೇರಾ ಕಾಯ್ದೆಯಂತೆ, ಮನೆ ಕೈಗೆ ಬಂದ ದಿನದಿಂದ ಐದು ವರ್ಷದೊಳಗೆ ಕಟ್ಟಡದ ರಚನೆಯಲ್ಲಿ ದೋಷ ಕಂಡು ತಿಳಿಸಿದರೆ ಬಿಲ್ಡರ್ 30 ದಿನಗಳಲ್ಲಿ ಖರ್ಚಿಲ್ಲದೆ ಸರಿಪಡಿಸಿಕೊಡಬೇಕು. ಎರೆಮಣ್ಣಿನ ಲೆಕ್ಕದಲ್ಲಿ ಅದು ಐದು ಬೇಸಿಗೆ, ಐದು ಮಳೆಗಾಲ. ಬಿರುಕಿನ ಪಕ್ಕ ತಾರೀಖು ಬರೆದು ಫೋಟೊ ತೆಗೆದಿಟ್ಟುಕೊಳ್ಳುವವರಿಗೆ ಆ ಅವಧಿ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ.

ಈ ವರ್ಷ ನಮ್ಮ ಮನೆಯ ಪಕ್ಕದ ಹೊಲದಲ್ಲೂ ಫಲಕ ಎದ್ದಿತು. ಗುಂಡಿ ಎಂಟು ಅಡಿಯವರೆಗೆ ಕಪ್ಪಾಗಿತ್ತು, ಆಮೇಲೆ ಹಳದಿ ಬೆರೆತ ಗರಸು ಬಂತು. ಅಲ್ಲಿಯವರೆಗೂ ತೋಡಿಸಿದ್ದು ಕಂಡು ನನಗೆ ಸಮಾಧಾನವಾಯಿತು. ಎರೆಮಣ್ಣನ್ನು ಲಾರಿಗಳಲ್ಲಿ ತುಂಬಿ ರೈತರೊಬ್ಬರು ತಮ್ಮ ಹೊಲಕ್ಕೆ ಹೊಡೆಸಿಕೊಂಡರು. ತುಂಬುವುದಕ್ಕೆ ಕೆಂಪು ಗರಸು ಬಂದ ದಿನ ತಂದೆ ಕೋಲು ಊರಿಕೊಂಡು ಹೋಗಿ ಒಂದು ಹಿಡಿ ಕೇಳಿದರು. “ಏನು ನೋಡುತ್ತೀರಿ, ಅಜ್ಜಾರೇ?” ಎಂದು ಚಾಲಕ ಕೇಳಿದ. ತಂದೆ ಉತ್ತರ ಹೇಳದೆ ಮಣ್ಣಿಗೆ ನೀರು ಚಿಮುಕಿಸಿ, ಅಂಗೈಯಲ್ಲಿ ಉಂಡೆ ಕಟ್ಟಿ, ಎರಡೂ ಕೈಗಳ ನಡುವೆ ಶ್ಯಾವಿಗೆಯಂತೆ ಹೊಸೆದರು. ಎರೆಮಣ್ಣಾದರೆ ಎಳೆ ಎಳೆಯಾಗಿ ಸಣ್ಣಗೆ ಉದ್ದಕ್ಕೆ ಬರುತ್ತದೆ. ಇದು ಬೆರಳಿನಷ್ಟು ದಪ್ಪವಿರುವಾಗಲೇ ತುಂಡಾಗಿ ಉದುರಿತು. ಇನ್ನೊಂದು ಹಿಡಿ ತೆಗೆದುಕೊಂಡು ಮತ್ತೆ ಹೊಸೆದು ನೋಡಿದರು, ಅದೂ ಹಾಗೆಯೇ ಉದುರಿತು. ಆಮೇಲೆ ಕೈ ಝಾಡಿಸಿಕೊಂಡು ಲಾರಿ ಮುಂದೆ ಹೋಗಲೆಂದು ದಾರಿ ಬಿಟ್ಟರು.