ಚಿತ್ರ ಬರೆದರೆ ಟೇಬಲ್ ಬರುತ್ತದೆ, ಆಮೇಲೆ? ಡೇಟಾಬೇಸ್ ವಿನ್ಯಾಸದ ಐವತ್ತು ವರ್ಷ

ಪರದೆಯ ಮೇಲೆ ಎರಡು ಚೌಕ ಹಾಕಿ. ಒಂದಕ್ಕೆ ರೈತ ಅಂತ ಹೆಸರಿಡಿ, ಇನ್ನೊಂದಕ್ಕೆ ಜಮೀನು. ನಡುವೆ ಒಂದು ಗೆರೆ ಎಳೆದು ಬಟನ್ ಒತ್ತಿದರೆ ಸಾಕು, ಮಾಹಿತಿಯನ್ನು ಸಾಲು, ಕಾಲಂಗಳಲ್ಲಿ ಇಡುವ ಟೇಬಲ್ ಕಟ್ಟಲು ಬೇಕಾದ ಎಸ್‌ಕ್ಯೂಎಲ್ (ಡೇಟಾಬೇಸ್‌ಗೆ ಆದೇಶ ಕೊಡುವ ಭಾಷೆ) ಸಾಲುಗಳು ತಾವಾಗಿಯೇ ಬರುತ್ತವೆ. ಇಂಥ ಸಾಫ್ಟ್‌ವೇರ್ 1980ರ ದಶಕದ ಕೊನೆಯಿಂದಲೇ ಸಿಗುತ್ತಿದೆ. ಆದರೂ ಇವತ್ತು ಬಹಳ ತಂಡಗಳಲ್ಲಿ ಟೇಬಲ್ ಹುಟ್ಟುವುದು ಕೋಡ್‌ನಿಂದ. ಡಯಾಗ್ರಾಂ ಯಾವುದೋ ಫೋಲ್ಡರಿನಲ್ಲಿ ಹಳೆಯದಾಗಿ ಕೂತಿರುತ್ತದೆ. ಹೊಸದಾಗಿ ಸೇರಿದವರು ಅದನ್ನು ತೆರೆದರೆ ಅರ್ಧ ಟೇಬಲ್‌ಗಳು ಅದರಲ್ಲಿ ಇರುವುದೇ ಇಲ್ಲ.

ಚಿತ್ರವನ್ನು ಟೇಬಲ್ ಮಾಡುವ ಲೆಕ್ಕ ಬಹಳ ಹಿಂದೆಯೇ ಬಗೆಹರಿದಿತ್ತು. ಟೇಬಲ್ ತುಂಬಾ ಮಾಹಿತಿ ಕೂತ ಮೇಲೆ ಚಿತ್ರ ಬದಲಾದರೆ ಏನು ಮಾಡಬೇಕು ಅನ್ನುವುದು ಬಗೆಹರಿಯಲಿಲ್ಲ. ಇಡೀ ಕತೆಯ ಎಳೆ ಇಲ್ಲೇ ಇದೆ ಅಂತ ನನಗನಿಸುತ್ತದೆ.

ಮೊದಲು ಶುರುವಾಗಿದ್ದು ಬಾಣಗಳಿಂದ. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯಲ್ಲಿ ಚಾರ್ಲ್ಸ್ ಬಾಕ್‌ಮನ್ 1960ರ ದಶಕದ ಆರಂಭದಲ್ಲಿ ಐಡಿಎಸ್ ಅನ್ನುವ ಡೇಟಾಬೇಸ್ ವ್ಯವಸ್ಥೆ ಕಟ್ಟಿದರು. ಅದರ ರಚನೆ ತೋರಿಸುವ ಚಿತ್ರಪದ್ಧತಿಯನ್ನು 1969ರಲ್ಲಿ ಪ್ರಕಟಿಸಿದರು. ಚೌಕ ಅಂದರೆ ಒಂದು ಬಗೆಯ ದಾಖಲೆ, ಬಾಣ ಅಂದರೆ ಆ ದಾಖಲೆಗಳನ್ನು ಪೋಣಿಸುವ ಸರಪಳಿ. ಆ ಸರಪಳಿ ಡಿಸ್ಕಿನ ಮೇಲೂ ನಿಜವಾಗಿಯೇ ಇರುತ್ತಿತ್ತು. ಚಿತ್ರದಲ್ಲಿದ್ದದ್ದೇ ಯಂತ್ರದಲ್ಲಿಯೂ ಇತ್ತು, ಹಾಗಾಗಿ ಪರಿವರ್ತನೆ ಅನ್ನುವ ಪ್ರಶ್ನೆಯೇ ಏಳಲಿಲ್ಲ. ಬಾಕ್‌ಮನ್‌ಗೆ 1973ರಲ್ಲಿ ಕಂಪ್ಯೂಟರ್ ವಿಜ್ಞಾನದ ದೊಡ್ಡ ಗೌರವವಾದ ಟ್ಯೂರಿಂಗ್ ಪ್ರಶಸ್ತಿ ಬಂತು.

1970ರಲ್ಲಿ ಐಬಿಎಂನ ಸ್ಯಾನ್ ಹೋಸೆ ಪ್ರಯೋಗಾಲಯದಿಂದ ಎಡ್ಗರ್ ಕಾಡ್ ಬೇರೆಯೇ ಮಾತು ಹೇಳಿದರು. ಸರಪಳಿ ಬೇಡ, ಎಲ್ಲವೂ ಟೇಬಲ್ ಆಗಲಿ. ಒಂದು ಟೇಬಲ್ಲಿನ ಸಾಲಿಗೂ ಇನ್ನೊಂದರ ಸಾಲಿಗೂ ನಂಟು ಬೇಕಿದ್ದರೆ ಎರಡೂ ಕಡೆ ಒಂದೇ ಮೌಲ್ಯ ಬರೆದಿಡಿ, ಅಷ್ಟು ಸಾಕು. ಇದರಿಂದ ದೊಡ್ಡ ಬಿಡುಗಡೆ ಸಿಕ್ಕಿತು. ಡಿಸ್ಕಿನ ಮೇಲೆ ಏನು ಎಲ್ಲಿದೆ ಅಂತ ಪ್ರೋಗ್ರಾಂ ಬರೆಯುವವರು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. 1974ರಲ್ಲಿ ಮಿಷಿಗನ್ ರಾಜ್ಯದ ಆ್ಯನ್ ಆರ್ಬರ್‌ನಲ್ಲಿ ನಡೆದ ಸಮ್ಮೇಳನದಲ್ಲಿ ಬಾಕ್‌ಮನ್ ಮತ್ತು ಕಾಡ್ ಇಬ್ಬರೂ ಎದುರುಬದುರು ವಾದ ಮಾಡಿದರು. ಮುಂದಿನ ವರ್ಷಗಳಲ್ಲಿ ಗೆದ್ದದ್ದು ಟೇಬಲ್‌ಗಳೇ.

ಆದರೆ ಟೇಬಲ್‌ಗಳ ಪಟ್ಟಿಯನ್ನು ಸುಮ್ನೆ ಮುಂದಿಟ್ಟರೆ ಯಾವುದು ವಸ್ತು, ಯಾವುದು ನಂಟು ಅಂತ ತಿಳಿಯುವುದಿಲ್ಲ. ಎಲ್ಲವೂ ಒಂದೇ ಥರ ಕಾಣುತ್ತವೆ. ಆ ಕೊರತೆ ತುಂಬಿದವರು ಪೀಟರ್ ಚೆನ್. ಆಗ ಅವರು ಅಮೆರಿಕದ ಎಂಐಟಿಯಲ್ಲಿದ್ದರು. ಕಂಪ್ಯೂಟರ್ ವೃತ್ತಿಪರರ ಎಸಿಎಂ ಸಂಸ್ಥೆ 1976ರ ಮಾರ್ಚ್‌ನಲ್ಲಿ ಡೇಟಾಬೇಸ್‌ಗಾಗಿಯೇ ಹೊಸ ನಿಯತಕಾಲಿಕ ಶುರುಮಾಡಿತು. ಅದರ ಮೊದಲ ಸಂಚಿಕೆಯಲ್ಲೇ ಅವರ ಲೇಖನ ಬಂತು. ವಸ್ತುವಿಗೆ ಚೌಕ, ನಂಟಿಗೆ ವಜ್ರದಾಕಾರ. ನಾವು ಇಆರ್ (ಎಂಟಿಟಿ–ರಿಲೇಷನ್‌ಶಿಪ್, ಅಂದರೆ ವಸ್ತು–ನಂಟು) ಡಯಾಗ್ರಾಂ ಅನ್ನುವುದು ಇದನ್ನೇ. ಈ ಚಿತ್ರವನ್ನು ಟೇಬಲ್‌ಗಳಾಗಿ ಹೇಗೆ ಇಳಿಸಬೇಕು ಅನ್ನುವುದನ್ನೂ ಚೆನ್ ಅದೇ ಲೇಖನದಲ್ಲಿ ತೋರಿಸಿದ್ದರು.

ಆ ರೈತ–ಜಮೀನು ಚಿತ್ರವನ್ನೇ ನೋಡೋಣ. ಒಬ್ಬ ರೈತನ ಹೆಸರಿನಲ್ಲಿ ಹಲವು ಸರ್ವೆ ನಂಬರ್ ಇರಬಹುದು. ಒಂದೇ ಸರ್ವೆ ನಂಬರಿಗೆ ಅಣ್ಣತಮ್ಮಂದಿರು ಜಂಟಿ ಖಾತೆದಾರರಾಗಿರಬಹುದು. ನಂಟು ಎರಡೂ ಕಡೆಯಿಂದ ಹಲವು. ಇದನ್ನು ಎರಡೇ ಟೇಬಲ್ಲಿನಲ್ಲಿ ಇಡಲು ಹೋದರೆ ಹೆಸರು ಮತ್ತೆ ಮತ್ತೆ ಬರೆಯಬೇಕಾಗುತ್ತದೆ, ಇಲ್ಲವೇ ಒಂದೇ ಕಾಲಂನಲ್ಲಿ ನಾಲ್ಕು ಹೆಸರು ತುರುಕಬೇಕಾಗುತ್ತದೆ. ಹಾಗಾಗಿ ನಿಯಮ ಮೂರನೇ ಟೇಬಲ್ ಹುಟ್ಟಿಸುತ್ತದೆ. ಅದನ್ನು ಹಕ್ಕು ಅನ್ನೋಣ. ಅದರಲ್ಲಿ ರೈತನ ಗುರುತು, ಜಮೀನಿನ ಗುರುತು, ಎರಡೂ ಫಾರಿನ್ ಕೀ, ಅಂದರೆ ಇನ್ನೊಂದು ಟೇಬಲ್ಲಿನ ಸಾಲನ್ನು ತೋರಿಸುವ ಮೌಲ್ಯ. ಯಾರಿಗೆ ಎಷ್ಟು ಎಕರೆ, ಎಷ್ಟು ಗುಂಟೆ ಅನ್ನುವುದು ಕೂತುಕೊಳ್ಳುವುದೂ ಅಲ್ಲೇ. ಯಾಕಂದರೆ ಪಾಲು ಅನ್ನುವುದು ಒಬ್ಬ ರೈತನ ಗುಣವೂ ಅಲ್ಲ, ಒಂದು ಜಮೀನಿನ ಗುಣವೂ ಅಲ್ಲ. ಅದು ಅವರಿಬ್ಬರ ನಂಟಿನ ಗುಣ. ವಜ್ರಾಕೃತಿ ಹಾಕಿ ಚೆನ್ ಕಾಣಿಸಿದ್ದು ಇದನ್ನೇ. ನನಗೆ ಈಗಲೂ ಇದು ಬಹಳ ಚೆಂದದ ವಿಚಾರ.

1986ರಲ್ಲಿ ಸಂಶೋಧಕರಾದ ಟಿಯೋರಿ, ಯಾಂಗ್ ಮತ್ತು ಫ್ರೈ ಇಂಥ ನಿಯಮಗಳನ್ನೆಲ್ಲ ಒಂದು ಕ್ರಮಕ್ಕೆ ತಂದು ಬರೆದರು. ಒಂದಕ್ಕೆ ಹಲವು ಇದ್ದರೆ ಹಲವಿನ ಕಡೆ ಫಾರಿನ್ ಕೀ, ಹಲವಕ್ಕೆ ಹಲವು ಇದ್ದರೆ ಬೇರೆ ಟೇಬಲ್, ಹೀಗೆ. ಮನುಷ್ಯ ಮಾಡಬಹುದಾದ ಕೆಲಸ ಇಷ್ಟು ಸ್ಪಷ್ಟವಾದ ಮೇಲೆ ಯಂತ್ರಕ್ಕೆ ಒಪ್ಪಿಸುವುದು ಕಷ್ಟವಾಗಲಿಲ್ಲ. ಇಆರ್‌ವಿನ್ ಅನ್ನುವ ಟೂಲ್ ಬಂತು. ಫ್ರಾನ್ಸ್‌ನಲ್ಲಿ ಹುಟ್ಟಿದ ಎಎಂಸಿ ಡಿಸೈನರ್ ಮುಂದೆ ಪವರ್‌ಡಿಸೈನರ್ ಆಯಿತು. ಒರಾಕಲ್ ತನ್ನದೇ ಕೇಸ್ ಟೂಲ್ (ಸಾಫ್ಟ್‌ವೇರ್ ವಿನ್ಯಾಸಕ್ಕೆ ನೆರವಾಗುವ ಸಾಫ್ಟ್‌ವೇರ್) ತಂದಿತು. ಅಮೆರಿಕದ ವಾಯುಪಡೆಯ ಯೋಜನೆಯೊಂದರಿಂದ ಬೆಳೆದ ಐಡೆಫ್1ಎಕ್ಸ್ ಚಿತ್ರಪದ್ಧತಿ 1993ರಲ್ಲಿ ಅಲ್ಲಿನ ಕೇಂದ್ರ ಸರ್ಕಾರದ ಮಾನಕವೇ ಆಯಿತು. ಐಬಿಎಂ 1989ರಲ್ಲಿ ಎಡಿ ಸೈಕಲ್ ಹೆಸರಿನಲ್ಲಿ, ಎಲ್ಲ ವಿನ್ಯಾಸವನ್ನೂ ಒಂದೇ ಭಂಡಾರದಲ್ಲಿ ಇಟ್ಟು ಅಲ್ಲಿಂದಲೇ ಎಲ್ಲವನ್ನೂ ಹೊರತೆಗೆಯುವ ದೊಡ್ಡ ಯೋಜನೆ ಘೋಷಿಸಿತು. ಕೆಲವೇ ವರ್ಷಗಳಲ್ಲಿ ಅದು ಮೂಲೆಗೆ ಸೇರಿತು.

ಈ ಹೊತ್ತಿಗೇ ಇನ್ನೊಂದು ನಷ್ಟ ಶುರುವಾಗಿತ್ತು, ಅದು ಜಾಸ್ತಿ ಜನರ ಕಣ್ಣಿಗೆ ಬೀಳಲಿಲ್ಲ. ಚಿತ್ರದಲ್ಲಿ ಹೇಳಿದ್ದೆಲ್ಲ ಟೇಬಲ್ಲಿಗೆ ಇಳಿಯುವುದಿಲ್ಲ. ಪ್ರತಿ ಜಮೀನಿಗೂ ಕನಿಷ್ಠ ಒಬ್ಬ ಹಕ್ಕುದಾರ ಇರಲೇಬೇಕು ಅಂತ ಚಿತ್ರದಲ್ಲಿ ಒಂದು ಸಣ್ಣ ಗುರುತಿನಿಂದ ಹೇಳಬಹುದು. ಫಾರಿನ್ ಕೀ ಇದನ್ನು ಹೇಳಲಾರದು. ಹಕ್ಕಿನ ಸಾಲು ಇದ್ದರೆ ಜಮೀನು ಇರಬೇಕು ಅಂತ ಅದು ಕಾಯುತ್ತದೆ. ಜಮೀನು ಇದ್ದರೆ ಹಕ್ಕಿನ ಸಾಲು ಇರಬೇಕು ಅಂತ ಕಾಯುವುದಿಲ್ಲ. 1992ರ ಎಸ್‌ಕ್ಯೂಎಲ್ ಮಾನಕದಲ್ಲಿ ಇದಕ್ಕೆಂದೇ ಅಸರ್ಷನ್ ಅನ್ನುವ ಸೌಲಭ್ಯ ಇತ್ತು. ದೊಡ್ಡ ಡೇಟಾಬೇಸ್‌ಗಳು ದಶಕಗಟ್ಟಲೆ ಅದನ್ನು ಜಾರಿಗೆ ತರಲೇ ಇಲ್ಲ. ಎಲ್ಲರೂ ಬಳಸುತ್ತಿದ್ದ ಮೈಎಸ್‌ಕ್ಯೂಎಲ್ ಇನ್ನೂ ಒಂದು ಹೆಜ್ಜೆ ಮುಂದಿತ್ತು. ಕಾಲಂನ ಮೌಲ್ಯ ಹೀಗೇ ಇರಬೇಕು ಅನ್ನುವ ಚೆಕ್ ನಿಯಮ ಬರೆದರೆ ಅದು ಒಪ್ಪಿಕೊಳ್ಳುತ್ತಿತ್ತು, ತಪ್ಪು ಅಂತ ಹೇಳುತ್ತಿರಲಿಲ್ಲ, ಆದರೆ ಪಾಲಿಸುತ್ತಲೂ ಇರಲಿಲ್ಲ. 2019ರಲ್ಲಿ 8.0.16 ಆವೃತ್ತಿ ಬರುವವರೆಗೂ ಹೀಗೇ ನಡೆಯಿತು. ಅದರೊಳಗೆ ಮಾಹಿತಿ ಸಂಗ್ರಹಿಸುವ ಹಳೆಯ ಮೈಐಸ್ಯಾಮ್ ಎಂಜಿನ್ ಫಾರಿನ್ ಕೀಗಳಿಗೂ ಇದೇ ಗತಿ ಕಾಣಿಸುತ್ತಿತ್ತು. ಚಿತ್ರ ಸರಿಯಿದೆ, ಹೊರಬಂದ ಎಸ್‌ಕ್ಯೂಎಲ್ ಸರಿಯಿದೆ, ಒಳಗೆ ಕಾವಲು ಮಾತ್ರ ಇಲ್ಲ. ಎಷ್ಟೋ ವ್ಯವಸ್ಥೆಗಳು ಹೀಗೆ ಹುಸಿ ಧೈರ್ಯದ ಮೇಲೆ ನಡೆದವು ಅನ್ನುವುದು ಸಣ್ಣ ಮಾತಲ್ಲ.

1990ರ ದಶಕದಲ್ಲಿ, ಮಾಹಿತಿಯನ್ನೂ ಅದರ ಮೇಲಿನ ಕೆಲಸವನ್ನೂ ಒಟ್ಟಿಗೆ ಇಡುವ ಆಬ್ಜೆಕ್ಟ್‌ಗಳ ಗಾಳಿ ಬೀಸಿತು. ಜನರಲ್ ಎಲೆಕ್ಟ್ರಿಕ್‌ನ ಸಂಶೋಧಕರಾದ ಬ್ಲಾಹಾ, ಪ್ರೆಮರ್ಲಾನಿ ಮತ್ತು ರಂಬಾ 1988ರಲ್ಲೇ ಆಬ್ಜೆಕ್ಟ್ ಚಿತ್ರಗಳಿಂದ ರಿಲೇಷನಲ್ ಟೇಬಲ್ ತೆಗೆಯುವ ದಾರಿ ಬರೆದಿದ್ದರು. ರಂಬಾ ಮುಂದೆ ಬೂಚ್ ಮತ್ತು ಜೇಕಬ್ಸನ್ ಜೊತೆ ಸೇರಿದರು. ಮೂವರ ಪದ್ಧತಿಗಳೂ ಕೂಡಿ ಯುಎಂಎಲ್ ಅನ್ನುವ ಒಂದೇ ಚಿತ್ರಭಾಷೆ ಆಯಿತು. 1997ರಲ್ಲಿ ಸಾಫ್ಟ್‌ವೇರ್ ಮಾನಕ ರೂಪಿಸುವ ಒಎಂಜಿ ಸಂಸ್ಥೆ ಅದನ್ನು ಮಾನಕವಾಗಿ ಒಪ್ಪಿತು.

ಯುಎಂಎಲ್‌ನ ಕ್ಲಾಸ್ ಡಯಾಗ್ರಾಂ (ಕ್ಲಾಸ್ ಅಂದರೆ ಒಂದೇ ಬಗೆಯ ಆಬ್ಜೆಕ್ಟ್‌ಗಳ ಅಚ್ಚು) ನೋಡಲು ಇಆರ್ ಚಿತ್ರದ ಥರವೇ ಇದೆ, ಅಲ್ವಾ? ಒಳಗೆ ವ್ಯತ್ಯಾಸ ದೊಡ್ಡದು. ಆಬ್ಜೆಕ್ಟ್‌ಗೆ ತನ್ನದೇ ಅಸ್ತಿತ್ವ ಇರುತ್ತದೆ, ಅದನ್ನು ಗುರುತಿಸಲು ಕೀ ಬೇಕಿಲ್ಲ. ಹಾಗಾಗಿ ಆಗಿನ ಯುಎಂಎಲ್‌ನಲ್ಲಿ ಒಂದು ಸಾಲನ್ನು ಉಳಿದವುಗಳಿಂದ ಬೇರೆಯಾಗಿ ಗುರುತಿಸುವ ಪ್ರೈಮರಿ ಕೀ ತೋರಿಸಲು ಜಾಗವೇ ಇರಲಿಲ್ಲ. ಪ್ರತಿ ಟೂಲ್ ಕಂಪನಿಯೂ ತನ್ನದೇ ಗುರುತು ಅಂಟಿಸಿತು. ಒಂದರಲ್ಲಿ ಬರೆದ ಚಿತ್ರ ಇನ್ನೊಂದರಲ್ಲಿ ಸರಿಯಾಗಿ ತೆರೆಯುತ್ತಿರಲಿಲ್ಲ.

ಇನ್ನು ಇನ್‌ಹೆರಿಟೆನ್ಸ್, ಅಂದರೆ ಒಂದು ಕ್ಲಾಸ್‌ನ ಗುಣಗಳು ಅದರಡಿಯ ಕ್ಲಾಸ್‌ಗಳಿಗೂ ಬರುವುದು. ಖಾತೆದಾರ ಅನ್ನುವ ಕ್ಲಾಸ್ ಇದೆ, ಅದರಡಿ ವ್ಯಕ್ತಿ ಮತ್ತು ಸಂಸ್ಥೆ ಇವೆ ಅಂದುಕೊಳ್ಳಿ. ಎಲ್ಲವನ್ನೂ ಒಂದೇ ಟೇಬಲ್ಲಿಗೆ ಹಾಕಬಹುದು. ಆಗ ವ್ಯಕ್ತಿಗೆ ನೋಂದಣಿ ಸಂಖ್ಯೆ ಖಾಲಿ, ಸಂಸ್ಥೆಗೆ ಹುಟ್ಟಿದ ದಿನಾಂಕ ಖಾಲಿ. ಮೂರಕ್ಕೂ ಮೂರು ಟೇಬಲ್ ಮಾಡಬಹುದು. ಆಗ ಪ್ರತಿ ಸಲವೂ ಜೋಡಿಸಿ ಓದಬೇಕು. ವ್ಯಕ್ತಿಗೊಂದು, ಸಂಸ್ಥೆಗೊಂದು ಅಂತ ಎರಡೇ ಮಾಡಬಹುದು. ಆಗ ಯಾವುದಾದರೂ ಖಾತೆದಾರ ಅಂತ ಒಂದೇ ಫಾರಿನ್ ಕೀಯಿಂದ ತೋರಿಸಲು ಬರುವುದಿಲ್ಲ. ಮೂರರಲ್ಲಿ ಯಾವುದು ಸರಿ ಅನ್ನುವುದು ಆ ಮಾಹಿತಿಯನ್ನು ಯಾರು ಹೇಗೆ ಕೇಳುತ್ತಾರೆ ಅನ್ನುವುದರ ಮೇಲೆ ನಿಂತಿದೆ. ಅದು ಚಿತ್ರದಲ್ಲಿ ಇಲ್ಲ. ಬಟನ್ ಒತ್ತಿದಾಗ ಟೂಲ್ ತನಗೆ ಗೊತ್ತಿರುವ ಒಂದನ್ನು ಆರಿಸುತ್ತದೆ, ಬಳಸುವವರು ಅದೇ ನಿಯಮ ಅಂದುಕೊಳ್ಳುತ್ತಾರೆ. ಅಲ್ಲಿ ಒಂದು ಪ್ರಶ್ನೆ ಕೇಳಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು!

2001ರಲ್ಲಿ ಒಎಂಜಿ ಈ ಆಸೆಯನ್ನು ಇನ್ನೂ ದೊಡ್ಡದಾಗಿ ಮುಂದಿಟ್ಟಿತು. ಎಂಡಿಎ ಅಂತ ಅದರ ಹೆಸರು. ಮಾಡೆಲ್, ಅಂದರೆ ಇಂಥ ವಿನ್ಯಾಸದ ಚಿತ್ರ, ಬರೆದರೆ ಮಿಕ್ಕಿದ್ದೆಲ್ಲ ಪರಿವರ್ತನೆಯಿಂದಲೇ ಬರಬೇಕು. ಪರಿವರ್ತನೆ ಬರೆಯಲೆಂದೇ ಕ್ಯೂವಿಟಿ ಅನ್ನುವ ಭಾಷೆಗಳ ಮಾನಕ ರೂಪುಗೊಂಡಿತು, 2008ರಲ್ಲಿ ಅದರ 1.0 ಆವೃತ್ತಿ ಬಂತು. ಈ ಕೆಲಸದಲ್ಲಿ ಭಾರತದ ಕೈಯೂ ಇತ್ತು. ಪ್ರಸ್ತಾವ ಸಲ್ಲಿಸಿದ ಗುಂಪುಗಳಲ್ಲೊಂದರಲ್ಲಿ ಟಾಟಾ ಕನ್ಸಲ್ಟೆನ್ಸಿ ಸರ್ವೀಸಸ್ ಇತ್ತು. ಮಾಡೆಲ್‌ನಿಂದ ಕೋಡ್ ತೆಗೆಯುವ ಮಾಸ್ಟರ್‌ಕ್ರಾಫ್ಟ್ ಟೂಲನ್ನು ಅದು ತನ್ನ ದೊಡ್ಡ ಪ್ರಾಜೆಕ್ಟುಗಳಲ್ಲಿ ಬಳಸುತ್ತಿತ್ತು, ಪುಣೆಯ ಅದರ ಸಂಶೋಧನಾ ಕೇಂದ್ರದಲ್ಲಿ ಇದರ ಅಧ್ಯಯನ ನಡೆಯುತ್ತಿತ್ತು.

ಕ್ಲಾಸ್‌ನಿಂದ ಟೇಬಲ್ ಅನ್ನುವ ಪರಿವರ್ತನೆ ಈ ವಲಯದಲ್ಲಿ ಎಲ್ಲರೂ ಕೊಡುವ ಉದಾಹರಣೆ ಆಯಿತು. ಕ್ಯೂವಿಟಿ ಮಾನಕದ ಒಳಗೇ ಅದು ಇದೆ. 2005ರಲ್ಲಿ ಜಮೈಕಾದ ಮಾಂಟೆಗೊ ಬೇಯಲ್ಲಿ ನಡೆದ ಕಾರ್ಯಾಗಾರದಲ್ಲಿ ಭಾಗವಹಿಸಿದವರೆಲ್ಲ ಇದೇ ಲೆಕ್ಕವನ್ನು ತಮ್ಮ ತಮ್ಮ ಭಾಷೆಯಲ್ಲಿ ಬಿಡಿಸಿ ತೋರಿಸಬೇಕಿತ್ತು. ಅಲ್ಲಿ ಅಳೆದದ್ದು ಖಾಲಿ ಟೇಬಲ್‌ಗಳನ್ನು ಹುಟ್ಟಿಸುವ ಚಾತುರ್ಯವನ್ನು. ಕೆಲಸದ ಜಾಗದಲ್ಲಿ ನೋವು ಇದ್ದದ್ದು ತುಂಬಿದ ಟೇಬಲ್‌ಗಳಲ್ಲಿ.

ಆ ನೋವು ಏನು ಅಂತ ಬಿಡಿಸಿ ಹೇಳುತ್ತೇನೆ. ಮೊದಲ ದಿನ ರೈತನಿಗೆ ಒಂದು ಮೊಬೈಲ್ ನಂಬರ್ ಅಂತ ಕಾಲಂ ಇಟ್ಟಿದ್ದೀರಿ. ವರ್ಷದ ನಂತರ ಒಬ್ಬರಿಗೆ ಎರಡು ಮೂರು ನಂಬರ್ ಇರಲಿ ಅನ್ನುತ್ತಾರೆ. ಚಿತ್ರದಲ್ಲಿ ಇದು ಅರ್ಧ ನಿಮಿಷದ ಕೆಲಸ. ಡೇಟಾಬೇಸ್‌ನಲ್ಲಿ ಹೊಸ ಟೇಬಲ್ ಕಟ್ಟಬೇಕು, ಲಕ್ಷಾಂತರ ನಂಬರ್‌ಗಳನ್ನು ಅಲ್ಲಿಗೆ ಸಾಗಿಸಬೇಕು, ಆಮೇಲೆ ಹಳೇ ಕಾಲಂ ತೆಗೆಯಬೇಕು, ಅದೂ ಸೇವೆ ನಿಲ್ಲದ ಹಾಗೆ. ಸಂಸಾರ ಇರುವ ಮನೆಯಲ್ಲಿ ಗೋಡೆ ಒಡೆದ ಹಾಗೆ. ಹಳೇ ಚಿತ್ರ, ಹೊಸ ಚಿತ್ರ ಎರಡನ್ನೂ ಪಕ್ಕದಲ್ಲಿಟ್ಟರೂ ಮಾಹಿತಿ ಹೇಗೆ ಸಾಗಬೇಕು ಅನ್ನುವುದು ಅವುಗಳಲ್ಲಿ ಬರೆದಿಲ್ಲ. ಹೆಸರು ಬದಲಿಸುವುದು ಇನ್ನೂ ಮೋಸದ್ದು. ವಿಳಾಸ ಅನ್ನುವ ಕಾಲಮ್ಮನ್ನು ಖಾಯಂ ವಿಳಾಸ ಅಂತ ತಿದ್ದಿದರೆ, ಎರಡು ಚಿತ್ರ ಹೋಲಿಸುವ ಯಂತ್ರಕ್ಕೆ ಕಾಣುವುದು ಒಂದು ಕಾಲಂ ಹೋಗಿದೆ, ಇನ್ನೊಂದು ಬಂದಿದೆ ಅಂತ. ಅದನ್ನು ನಂಬಿ ನಡೆದರೆ ಎಲ್ಲರ ವಿಳಾಸವೂ ಅಳಿಸಿ ಹೋಗುತ್ತದೆ.

ಪ್ರೋಗ್ರಾಂನ ಆಬ್ಜೆಕ್ಟ್‌ಗಳನ್ನು ಟೇಬಲ್‌ಗಳಿಗೆ ಜೋಡಿಸುವ ಮೈಕ್ರೋಸಾಫ್ಟ್‌ನ ಎಂಟಿಟಿ ಫ್ರೇಮ್‌ವರ್ಕ್ ಈ ಕತೆಯ ಸ್ಪಷ್ಟ ಸಾಕ್ಷಿ. 2010ರಲ್ಲಿ ಅದರ 4ನೇ ಆವೃತ್ತಿ ಚಿತ್ರ ಬರೆದು ಡೇಟಾಬೇಸ್ ಹುಟ್ಟಿಸುವ ಸೌಲಭ್ಯ ಕೊಟ್ಟಿತು. ಅದು ಕೊಡುವ ಸ್ಕ್ರಿಪ್ಟ್ ಮೊದಲು ಹಳೇ ಟೇಬಲ್‌ಗಳನ್ನು ಅಳಿಸಿ, ಆಮೇಲೆ ಹೊಸದಾಗಿ ಕಟ್ಟುತ್ತಿತ್ತು. ಮರುವರ್ಷವೇ ಕೋಡ್‌ನಿಂದ ಶುರುಮಾಡುವ ದಾರಿಯೂ ಬಂತು. 2016ರಲ್ಲಿ ಬಂದ ಹೊಸ ಪೀಳಿಗೆಯ ಇಎಫ್ ಕೋರ್‌ನಲ್ಲಿ ಚಿತ್ರದ ಡಿಸೈನರ್ ಇಲ್ಲವೇ ಇಲ್ಲ.

ಅಷ್ಟರಲ್ಲಿ ವೆಬ್ ಆ್ಯಪ್ ಕಟ್ಟುವ ಚೌಕಟ್ಟಾದ ರೂಬಿ ಆನ್ ರೈಲ್ಸ್ ಬೇರೆ ದಾರಿ ಹಿಡಿದು ಜನಪ್ರಿಯವಾಗಿತ್ತು. ಟೇಬಲ್ ಹೇಗಿರಬೇಕು ಅಂತ ಹೇಳುವ ಬದಲು, ಇವತ್ತು ಏನು ಬದಲಾಗಬೇಕು ಅಂತ ಪ್ರತಿ ಸಲ ಒಂದು ಸಣ್ಣ ಫೈಲ್ ಬರೆಯುವುದು. ಅದಕ್ಕೆ ಮೈಗ್ರೇಷನ್ ಅನ್ನುತ್ತಾರೆ. ಮಾಹಿತಿ ಸಾಗಿಸುವ ಸಾಲುಗಳನ್ನೂ ಅದರಲ್ಲೇ ಬರೆಯಬಹುದು. ಪೈಥಾನ್ ಭಾಷೆಯ ಅಂಥದ್ದೇ ಚೌಕಟ್ಟಾದ ಜಾಂಗೋ 2014ರ 1.7 ಆವೃತ್ತಿಯಲ್ಲಿ ಇದನ್ನು ತನ್ನೊಳಗೇ ತಂದುಕೊಂಡಿತು. ಒಂದು ಫೀಲ್ಡ್ ಮಾಯವಾಗಿ ಅಂಥದ್ದೇ ಇನ್ನೊಂದು ಕಾಣಿಸಿದರೆ ಅದು ನಿಂತು, ಇದರ ಹೆಸರು ಬದಲಿಸಿದಿರಾ ಅಂತ ನಿಮ್ಮನ್ನೇ ಕೇಳುತ್ತದೆ. ಊಹೆ ಮಾಡಿ ಅಳಿಸುವುದಿಲ್ಲ. ಸೊಗಸಾದ ಚಿತ್ರ ಬರೆಯುತ್ತಿದ್ದ ಎಷ್ಟೋ ಟೂಲ್‌ಗಳಿಗೆ ಇರದ ವಿವೇಕ ಈ ಒಂದು ಪ್ರಶ್ನೆಯಲ್ಲಿದೆ.

ಇದರಿಂದ ಚಿತ್ರಗಳು ಸತ್ತವು ಅಂತಲ್ಲ. ಈಗ ಮರ್ಮೇಡ್, ಡಿಬಿಎಂಎಲ್ ಥರದ ಪುಟ್ಟ ಭಾಷೆಗಳಲ್ಲಿ ಅಕ್ಷರದಲ್ಲೇ ಬರೆದರೆ ಚಿತ್ರ ಮೂಡುತ್ತದೆ. ಅಕ್ಷರ ಆದ್ದರಿಂದ ಗಿಟ್‌ನಲ್ಲಿ ಇಡಬಹುದು, ಯಾರು ಯಾವಾಗ ಏನು ಬದಲಿಸಿದರು ಅಂತ ನೋಡಬಹುದು. ಇನ್ನು ಕೆಲವರು ಬಿಳಿ ಹಲಗೆಯ ಫೋಟೊ ತೆಗೆದು ಎಐಗೆ ಕೊಟ್ಟು ಎಸ್‌ಕ್ಯೂಎಲ್ ಬರೆಸುತ್ತಾರೆ. ಬರುವ ಟೇಬಲ್‌ಗಳು ಬಹಳ ಸಲ ಚೆನ್ನಾಗಿಯೇ ಇರುತ್ತವೆ. ಕನಿಷ್ಠ ಒಬ್ಬ ಹಕ್ಕುದಾರ ಅನ್ನುವಂಥ ನಿಯಮ ಮಾತ್ರ ಅಲ್ಲಿಯೂ ಸುಲಭವಾಗಿ ಕೈಬಿಟ್ಟು ಹೋಗಬಹುದು.

ನಮ್ಮ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಡಿಬಿಎಂಎಸ್ (ಡೇಟಾಬೇಸ್ ನಿರ್ವಹಣೆ) ವಿಷಯದಲ್ಲಿ ಇಆರ್ ಚಿತ್ರವನ್ನು ಟೇಬಲ್ ಮಾಡುವ ಪಾಠ ಇದೆ, ಮಕ್ಕಳು ಕೈಯಲ್ಲೇ ಮಾಡಿ ಕಲಿಯುತ್ತಾರೆ. 2018ರ ಪಠ್ಯಕ್ರಮದ ಲ್ಯಾಬ್‌ನಲ್ಲಿ ಲೈಬ್ರರಿ, ಕಂಪನಿ, ಕಾಲೇಜು ಅಂತ ಡೇಟಾಬೇಸ್‌ಗಳಿದ್ದವು. ಸ್ಕೀಮಾ (ಟೇಬಲ್‌ಗಳ ವಿನ್ಯಾಸ) ಕೊಟ್ಟಿರುತ್ತಿದ್ದರು, ಟೇಬಲ್ ಕಟ್ಟಿ ಕ್ವೆರಿ (ಮಾಹಿತಿ ಕೇಳುವ ಸಾಲುಗಳು) ಬರೆಯಬೇಕಿತ್ತು. ಇದು ಒಳ್ಳೆಯ ಅಡಿಪಾಯ. ಇದಕ್ಕೆ ಇನ್ನೊಂದೇ ಅಭ್ಯಾಸ ಸೇರಿಸಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಲೈಬ್ರರಿಯ ಟೇಬಲ್‌ಗೆ ಹತ್ತು ಸಾವಿರ ಸಾಲು ತುಂಬಿಸಿ ಕೊಡಿ. ಒಂದು ಪುಸ್ತಕಕ್ಕೆ ಒಬ್ಬನೇ ಪ್ರಕಾಶಕ ಅಂತ ಇದ್ದದ್ದು ಇನ್ನು ಮುಂದೆ ಹಲವರು ಅಂತ ಹೇಳಿ. ಒಂದು ಸಾಲೂ ಕಳೆಯದೆ ಹಳೇ ವಿನ್ಯಾಸದಿಂದ ಹೊಸದಕ್ಕೆ ಬರಲಿ. ಕೊನೆಗೆ, ಪ್ರಕಾಶಕರೇ ಇಲ್ಲದ ಪುಸ್ತಕ ಒಳಗೆ ನುಸುಳದಂತೆ ಎಲ್ಲಿ ಕಾವಲು ಇಟ್ಟರು ಅಂತ ತೋರಿಸಲಿ.