ಬಿಲ್ಡರ್ ಮನೆ ಕೊಡದಿದ್ದರೆ ರೇರಾದಿಂದ ಹಣ ನಿಜವಾಗಿ ಕೈಗೆ ಬರುತ್ತದೆಯೇ?

ಓದುಗರ ಪ್ರಶ್ನೆ: ಬೆಂಗಳೂರಿನಲ್ಲಿ ಫ್ಲ್ಯಾಟ್ ಕೊಂಡು ಬಹುಪಾಲು ಹಣ ಕಟ್ಟಿದ್ದೇವೆ. ಕರಾರಿನಲ್ಲಿ ಬರೆದ ದಿನಾಂಕ ಕಳೆದು ಎರಡು ವರ್ಷವಾಯಿತು. ಒಂದೆಡೆ ಬ್ಯಾಂಕಿನ ಕಂತು, ಇನ್ನೊಂದೆಡೆ ಬಾಡಿಗೆ. ರೇರಾದಲ್ಲಿ ದೂರು ಕೊಟ್ಟರೆ ಹಣ ಸಿಗುತ್ತದೆಯೇ, ಅಥವಾ ಆದೇಶದ ಪ್ರತಿಯಷ್ಟೇ ಸಿಗುತ್ತದೆಯೇ?

ಉತ್ತರ: ಆದೇಶ ಸಿಗುವುದು ಹೆಚ್ಚು ಕಷ್ಟವಲ್ಲ. ಆ ಆದೇಶ ಹಣವಾಗಿ ಬದಲಾಗುವ ಹಾದಿಯೇ ಉದ್ದದ್ದು, ಮತ್ತು ಅಲ್ಲಿ ಕೊಂಡವರು ಮಾಡಬೇಕಾದ ಕೆಲಸವೂ ಇದೆ. ಎರಡನ್ನೂ ಬೇರೆ ಬೇರೆಯಾಗಿಯೇ ನೋಡಬೇಕು.

ಮೊದಲು ನಿಮ್ಮ ಹಕ್ಕು. ರೇರಾ ಎಂದು ನಾವು ಕರೆಯುವುದು ರಿಯಲ್ ಎಸ್ಟೇಟ್ ಕಾಯ್ದೆಯನ್ನೂ, ಅದರಡಿ ದೂರು ಕೇಳುವ ರಾಜ್ಯದ ಪ್ರಾಧಿಕಾರವನ್ನೂ. 2016ರ ರಿಯಲ್ ಎಸ್ಟೇಟ್ ಕಾಯ್ದೆ 2017ರ ಮೇ 1ರಿಂದ ಪೂರ್ಣವಾಗಿ ಜಾರಿಗೆ ಬಂತು. ಕರ್ನಾಟಕದ ನಿಯಮಗಳು ಅದೇ ವರ್ಷದ ಜುಲೈನಲ್ಲಿ ಬಂದವು. ಕಾಯ್ದೆಯ 18ನೇ ಕಲಂ ಪ್ರಕಾರ, ಕರಾರಿನ ದಿನಾಂಕಕ್ಕೆ ಸ್ವಾಧೀನ ಸಿಗದಿದ್ದರೆ ಎರಡು ದಾರಿಗಳಿವೆ. ಯೋಜನೆಯಿಂದ ಹೊರಬಂದು ಕಟ್ಟಿದ ಹಣವನ್ನೆಲ್ಲ ಬಡ್ಡಿಸಮೇತ ವಾಪಸು ಕೇಳಬಹುದು. ಅಥವಾ ಮನೆಯೇ ಬೇಕು ಎಂದು ಉಳಿದುಕೊಂಡು, ಕೈಗೆ ಮನೆ ಬರುವವರೆಗೆ ತಡವಾದ ಪ್ರತಿ ತಿಂಗಳಿಗೂ ಬಡ್ಡಿ ಕೇಳಬಹುದು. ಯಾವುದು ಬೇಕೆಂದು ಆರಿಸುವವರು ನೀವು, ಬಿಲ್ಡರ್ ಅಲ್ಲ. ನ್ಯಾಯಾಲಯದ ತಡೆಯಾಜ್ಞೆ ಅಥವಾ ಅನಿರೀಕ್ಷಿತ ಅಡಚಣೆಯ ಕಾರಣ ಹೇಳಿ ಹಣ ವಾಪಸಾತಿಯ ಈ ಹಕ್ಕನ್ನು ತಪ್ಪಿಸಲಾಗದು ಎಂದು ಸುಪ್ರೀಂ ಕೋರ್ಟ್ 2021ರ ನವೆಂಬರಿನಲ್ಲಿ ನ್ಯೂಟೆಕ್ ಪ್ರಮೋಟರ್ಸ್ ಪ್ರಕರಣದಲ್ಲಿ ಹೇಳಿದೆ. 'ರೇರಾದವರೇ ಯೋಜನೆಯ ಅವಧಿ ವಿಸ್ತರಿಸಿದ್ದಾರೆ' ಎಂಬುದು ಬಿಲ್ಡರುಗಳ ಮತ್ತೊಂದು ರೂಢಿಯ ಉತ್ತರ. ಆ ವಿಸ್ತರಣೆ ಪ್ರಾಧಿಕಾರಕ್ಕೂ ಬಿಲ್ಡರಿಗೂ ಸಂಬಂಧಿಸಿದ್ದು. ನಿಮ್ಮ ಕರಾರಿನಲ್ಲಿರುವ ದಿನಾಂಕವನ್ನು ಅದು ಮುಂದಕ್ಕೆ ಹಾಕುವುದಿಲ್ಲ.

ಈಗ ನಿಮ್ಮ ಕರಾರಿನ ಒಳಪುಟಗಳನ್ನು ತೆಗೆದು ನೋಡಿ. ತಡವಾದರೆ ಬಿಲ್ಡರ್ ಕೊಡಬೇಕಾದ ಪರಿಹಾರ ಚದರಡಿಗೆ ತಿಂಗಳಿಗೆ 5 ರೂಪಾಯಿಯ ಆಸುಪಾಸಿನಲ್ಲಿರುವುದನ್ನೂ, ನೀವು ಕಂತು ತಡ ಮಾಡಿದರೆ ಶೇ 18ರ ಬಡ್ಡಿ ಎಂದಿರುವುದನ್ನೂ ಅನೇಕ ಹಳೆಯ ಕರಾರುಗಳಲ್ಲಿ ಕಾಣಬಹುದು. 1,200 ಚದರಡಿಯ ಮನೆಗೆ 5 ರೂಪಾಯಿಯಂತೆ ಲೆಕ್ಕ ಹಾಕಿದರೆ ತಿಂಗಳಿಗೆ 6,000 ರೂಪಾಯಿ, ಎರಡು ವರ್ಷಕ್ಕೆ 1,44,000 ರೂಪಾಯಿ. ಆದರೆ ಕಾಯ್ದೆಯ ಪ್ರಕಾರ ಎರಡೂ ಕಡೆಯವರಿಗೆ ಬಡ್ಡಿದರ ಒಂದೇ ಇರಬೇಕು, ಮತ್ತು ಕರ್ನಾಟಕದ ನಿಯಮದಲ್ಲಿ ಅದು ಭಾರತೀಯ ಸ್ಟೇಟ್ ಬ್ಯಾಂಕಿನ ಎಂಸಿಎಲ್‌ಆರ್ ದರಕ್ಕೆ (ಸಾಲ ಕೊಡಲು ಬ್ಯಾಂಕು ಆಧಾರವಾಗಿಟ್ಟುಕೊಳ್ಳುವ ಬಡ್ಡಿದರ) ಶೇ 2 ಸೇರಿಸಿದ್ದು. ಲೆಕ್ಕದ ಅನುಕೂಲಕ್ಕೆ ಅದನ್ನು ಶೇ 11 ಎಂದಿಟ್ಟುಕೊಂಡರೆ, 50 ಲಕ್ಷ ಕಟ್ಟಿದವರಿಗೆ ವರ್ಷಕ್ಕೆ ಐದೂವರೆ ಲಕ್ಷ, ಎರಡು ವರ್ಷಕ್ಕೆ 11 ಲಕ್ಷ ರೂಪಾಯಿ ಬರಬೇಕಾಗುತ್ತದೆ. 'ನೀವೇ ಸಹಿ ಹಾಕಿದ್ದೀರಲ್ಲ' ಎಂಬ ಮಾತಿಗೆ ಹೆದರಬೇಕಾಗಿಲ್ಲ. ಬಿಲ್ಡರಿಗೆ ಮಾತ್ರ ಅನುಕೂಲವಾಗುವಂಥ ಏಕಪಕ್ಷೀಯ ಷರತ್ತುಗಳು ಕೊಂಡವರನ್ನು ಕಟ್ಟಿಹಾಕಲಾರವು ಎಂದು ಸುಪ್ರೀಂ ಕೋರ್ಟ್ 2019ರಲ್ಲೇ ಹೇಳಿದೆ.

ಇಷ್ಟೆಲ್ಲ ಹಕ್ಕಿದ್ದೂ ಹಣ ಏಕೆ ತಡವಾಗುತ್ತದೆ? ರೇರಾ ಪ್ರಾಧಿಕಾರ ತಾನೇ ಹೋಗಿ ಜಪ್ತಿ ಮಾಡುವುದಿಲ್ಲ. ಆದೇಶದಂತೆ ಬಿಲ್ಡರ್ ಹಣ ಕೊಡದಿದ್ದರೆ ಪ್ರಾಧಿಕಾರ ವಸೂಲಾತಿ ಪ್ರಮಾಣಪತ್ರ ಹೊರಡಿಸುತ್ತದೆ. ಅದು ಜಿಲ್ಲಾಧಿಕಾರಿಗೆ ಹೋಗಿ, ಅಲ್ಲಿಂದ ತಹಶೀಲ್ದಾರರ ಕಚೇರಿಗೆ ಇಳಿದು, ಭೂಕಂದಾಯದ ಬಾಕಿಯಂತೆ ವಸೂಲಾಗಬೇಕು. ನೂರೆಂಟು ಕೆಲಸಗಳ ನಡುವೆ ಇರುವ ಕಂದಾಯ ಸಿಬ್ಬಂದಿಗೆ ಬಿಲ್ಡರಿನ ಆಸ್ತಿ ಎಲ್ಲಿದೆ, ಯಾವುದು ಅಡಮಾನವಾಗಿದೆ ಎಂದು ಹುಡುಕಲು ಸಮಯವೂ ಇಲ್ಲ, ಸಿದ್ಧ ಮಾಹಿತಿಯೂ ಇಲ್ಲ. ಹೀಗೆ ರಾಜ್ಯದಲ್ಲಿ ನೂರಾರು ಕೋಟಿ ರೂಪಾಯಿ ವಸೂಲಾಗದೆ ಉಳಿದಿದೆ. ಕಾಯ್ದೆಯ ಅತ್ಯಂತ ದುರ್ಬಲ ಕೊಂಡಿ ಇದೇ ಎಂದು ನಾನು ತಿಳಿದಿದ್ದೇನೆ. ಪ್ರಾಧಿಕಾರಕ್ಕೆ ತನ್ನದೇ ವಸೂಲಾತಿ ಅಧಿಕಾರಿಗಳನ್ನು ಕೊಡುವವರೆಗೂ ಗೆದ್ದವರು ಕಚೇರಿಯಿಂದ ಕಚೇರಿಗೆ ಅಲೆಯುವುದು ತಪ್ಪಲಾರದು.

ಆದ್ದರಿಂದ ಆ ಹುಡುಕಾಟವನ್ನು ನೀವೇ ಮಾಡಿಕೊಡಬೇಕು. ರೇರಾ ಜಾಲತಾಣದಲ್ಲಿ ನಿಮ್ಮ ಯೋಜನೆಯ ನೋಂದಣಿ ಸಂಖ್ಯೆ ಹಾಕಿದರೆ ಬಿಲ್ಡರ್ ಮೂರು ತಿಂಗಳಿಗೊಮ್ಮೆ ಸಲ್ಲಿಸಬೇಕಾದ ಪ್ರಗತಿ ವರದಿ ತೆರೆದುಕೊಳ್ಳುತ್ತದೆ. ಎಷ್ಟು ಮನೆಗಳು ಮಾರಾಟವಾಗಿವೆ, ಎಷ್ಟು ಉಳಿದಿವೆ ಎಂಬುದನ್ನು ಅದರಲ್ಲಿ ತಿಳಿಸಿರಬೇಕು. ಮಾರಾಟವಾಗದೆ ಉಳಿದ ಮನೆಗಳನ್ನೂ, ಅದೇ ಸಂಸ್ಥೆಯ ಹೆಸರಿನಲ್ಲಿರುವ ಇತರ ಜಮೀನುಗಳ ಸರ್ವೆ ನಂಬರ್ ಮತ್ತು ಋಣಭಾರ ಪತ್ರಗಳನ್ನೂ ಸೇರಿಸಿ ವಸೂಲಾತಿ ಅರ್ಜಿಯೊಂದಿಗೆ ಕೊಟ್ಟರೆ ತಹಶೀಲ್ದಾರರಿಗೆ ಎಲ್ಲಿ ಕೈ ಹಾಕಬೇಕೆಂಬುದು ತಿಳಿಯುತ್ತದೆ.

ಇನ್ನೊಂದು ಅಂಶವನ್ನು ಕೊಂಡವರಲ್ಲಿ ಹೆಚ್ಚಿನವರು ಗಮನಿಸುವುದಿಲ್ಲ. ಆದೇಶದ ವಿರುದ್ಧ ಬಿಲ್ಡರ್ ಮೇಲ್ಮನವಿ ನ್ಯಾಯಮಂಡಳಿಗೆ ಹೋಗಬೇಕಾದರೆ, ನಿಮಗೆ ಕೊಡಬೇಕಾದ ಅಸಲು, ಬಡ್ಡಿ, ಪರಿಹಾರ ಎಲ್ಲವನ್ನೂ ಮೊದಲು ಅಲ್ಲಿ ಠೇವಣಿ ಇಡಬೇಕು. ಮೇಲ್ಮನವಿಯ ಸುದ್ದಿ ಬಂದಾಗ ಕೊಂಡವರು ಕುಗ್ಗಿಹೋಗುವುದು ಸಹಜ. ಆದರೆ ಆ ಠೇವಣಿ ಬಿದ್ದ ದಿನ ನಿಮ್ಮ ಹಣ ಬಿಲ್ಡರಿನ ಕೈ ಬಿಟ್ಟು ಸುರಕ್ಷಿತ ಜಾಗಕ್ಕೆ ಬಂದಿರುತ್ತದೆ.

ಹಣ ವಾಪಸು ಕೇಳಬೇಕೇ, ಉಳಿದುಕೊಳ್ಳಬೇಕೇ ಎಂಬುದು ಕಟ್ಟಡ ಎಲ್ಲಿಗೆ ಬಂದು ನಿಂತಿದೆ ಎಂಬುದರ ಮೇಲೆ ಹೋಗುತ್ತದೆ. ಗಾರೆ, ಟೈಲ್ಸ್ ಕೆಲಸ ನಡೆಯುತ್ತಿದ್ದರೆ ಉಳಿದುಕೊಂಡು, ಬರಬೇಕಾದ ಬಡ್ಡಿಯನ್ನು ನೀವು ಕಟ್ಟಬೇಕಾದ ಕೊನೆಯ ಕಂತಿಗೆ ಹೊಂದಿಸುವಂತೆ ಕೇಳುವುದು ಜಾಣತನ, ಏಕೆಂದರೆ ಅಲ್ಲಿ ವಸೂಲಾತಿಯ ಅಲೆದಾಟ ತಪ್ಪುತ್ತದೆ. ಕಂಬಗಳ ಮೇಲೆ ಕಬ್ಬಿಣದ ಸರಳುಗಳು ತುಕ್ಕು ಹಿಡಿದು ನಿಂತಿದ್ದರೆ ಸಂಗತಿ ಬೇರೆ. ಕೊಂಡವರಿಂದ ಬಂದ ಹಣದ ಶೇ 70ನ್ನು ಆ ಯೋಜನೆಯ ಪ್ರತ್ಯೇಕ ಖಾತೆಯಲ್ಲೇ ಇಟ್ಟು, ಅದರ ಜಮೀನಿನ ವೆಚ್ಚಕ್ಕೂ ನಿರ್ಮಾಣಕ್ಕೂ ಮಾತ್ರ ಬಳಸಬೇಕೆಂಬ ನಿಯಮ ಬಂದದ್ದೇ, ಒಂದು ಕಟ್ಟಡದ ಹಣದಲ್ಲಿ ಮುಂದಿನ ಜಮೀನು ಕೊಳ್ಳುವ ಚಾಳಿಯಿಂದ ದೇಶದೆಲ್ಲೆಡೆ ಅರ್ಧಕ್ಕೆ ನಿಂತ ಕಟ್ಟಡಗಳು ತುಂಬಿಹೋದದ್ದರಿಂದ. ಆ ಖಾತೆಯಿಂದ ಹಣ ತೆಗೆಯಲು ಎಂಜಿನಿಯರ್, ಆರ್ಕಿಟೆಕ್ಟ್ ಮತ್ತು ಚಾರ್ಟರ್ಡ್ ಅಕೌಂಟೆಂಟ್ ಪ್ರಮಾಣಪತ್ರ ಬೇಕು; ಆದರೆ ಅವರಿಗೆ ಶುಲ್ಕ ಕೊಡುವವರೂ ಬಿಲ್ಡರುಗಳೇ. ಹಣ ಬೇರೆಡೆಗೆ ಹರಿದಿದೆ ಎಂಬ ಅನುಮಾನ ನಿಮಗಿದ್ದರೆ ತಡ ಮಾಡಬೇಡಿ.

ತಡ ಮಾಡಬಾರದೆನ್ನಲು ಮತ್ತೊಂದು ಕಾರಣವಿದೆ. ಸಂಸ್ಥೆ ದಿವಾಳಿ ಪ್ರಕ್ರಿಯೆಗೆ ಹೋದರೆ ಎಲ್ಲ ವಸೂಲಾತಿಗೂ ತಡೆ ಬೀಳುತ್ತದೆ. ಕೈಯಲ್ಲಿ ರೇರಾ ಆದೇಶವಿದ್ದವರೂ ಕಾಯಬೇಕು. ದಿವಾಳಿ ಕಾಯ್ದೆಗೆ 2018ರಲ್ಲಿ ಆದ ತಿದ್ದುಪಡಿಯ ನಂತರ ಮನೆ ಕೊಂಡವರನ್ನೂ ಬ್ಯಾಂಕಿನಂತೆ ಹಣಕಾಸು ಸಾಲದಾತರೆಂದು ಪರಿಗಣಿಸಲಾಗುತ್ತದೆ, ಆದರೆ ದಿವಾಳಿ ಪ್ರಕ್ರಿಯೆಯ ಸಾರ್ವಜನಿಕ ಪ್ರಕಟಣೆಯಲ್ಲಿ ಹೇಳಿದ ಗಡುವಿನೊಳಗೆ ನಿಮ್ಮ ಹಕ್ಕು ಮಂಡಿಸಿರಬೇಕು.

ಮನೆಯೇ ಬೇಕೆಂದು ಉಳಿಯುವವರು ಕೀಲಿ ಪಡೆಯುವ ದಿನ ಎಚ್ಚರದಿಂದಿರಬೇಕು. ಸ್ವಾಧೀನಾನುಭವ ಪತ್ರ, ಅಂದರೆ ಕಟ್ಟಡದಲ್ಲಿ ವಾಸಿಸಬಹುದೆಂದು ಸ್ಥಳೀಯ ಸಂಸ್ಥೆ ಕೊಡುವ, ಎಲ್ಲರೂ ಓಸಿ ಎನ್ನುವ ಪತ್ರ, ಇಲ್ಲದೆ ಕೊಡುವ ಕೀಲಿಗೆ ಕಾನೂನಿನಲ್ಲಿ ಬೆಲೆಯಿಲ್ಲ. ಅದಿಲ್ಲದ ಕಟ್ಟಡಕ್ಕೆ ವಿದ್ಯುತ್, ನೀರಿನ ಸಂಪರ್ಕ ಕೊಡಬಾರದೆಂದು ಸುಪ್ರೀಂ ಕೋರ್ಟ್ 2024ರ ಡಿಸೆಂಬರಿನಲ್ಲಿ ನಿರ್ದೇಶಿಸಿದೆ. ನಕ್ಷೆಯಂತೆ ಕಟ್ಟಿದ್ದಾರೆಯೇ ಎಂದು ನೋಡುವುದು ಮುಖ್ಯವಾಗಿ ಸ್ಥಳೀಯ ಸಂಸ್ಥೆಯ ಕೆಲಸ. ಆ ಕಣ್ಗಾವಲು ಎಷ್ಟು ಮುಖ್ಯವೆಂಬುದನ್ನು 2019ರ ಮಾರ್ಚಿನಲ್ಲಿ ಧಾರವಾಡದ ಕುಮಾರೇಶ್ವರ ನಗರದಲ್ಲಿ ನಿರ್ಮಾಣ ಹಂತದ ಕಟ್ಟಡ ಕುಸಿದು 19 ಜನ ಸತ್ತದ್ದನ್ನು ಕಂಡವರಿಗೆ ಹೇಳಬೇಕಾಗಿಲ್ಲ. ಸ್ವಾಧೀನದ ನಂತರ ಐದು ವರ್ಷದೊಳಗೆ ಗೋಡೆ ಬಿರುಕು ಬಿಟ್ಟರೆ, ಬಚ್ಚಲಿನ ನೀರು ಕೆಳಮನೆಯ ಚಾವಣಿಗೆ ಜಿನುಗಿದರೆ, ಕೆಲಸದ ದೋಷದಿಂದಾದ ಅದನ್ನು ತಿಳಿಸಿದ 30 ದಿನದೊಳಗೆ ಬಿಲ್ಡರ್ ತನ್ನ ಖರ್ಚಿನಲ್ಲಿ ಸರಿಪಡಿಸಬೇಕು.

ಕೀಲಿಯ ಜೊತೆಗೆ 'ನನಗೆ ಯಾವ ಬಾಕಿಯೂ ಬರಬೇಕಾಗಿಲ್ಲ' ಎಂಬ ಪತ್ರಕ್ಕೆ ಸಹಿ ಕೇಳುವ ರೂಢಿಯುಂಟು. ಎರಡು ವರ್ಷ ಕಾದು ಬಂದವರು ಆ ಗಳಿಗೆಯ ಸಂತೋಷದಲ್ಲಿ ಓದದೆ ಸಹಿ ಹಾಕುತ್ತಾರೆ, ಆಮೇಲೆ ಅದೇ ಪತ್ರ ಅವರ ಬಡ್ಡಿಯ ದೂರಿಗೆ ಎದುರು ದಾಖಲೆಯಾಗಿ ಬರುತ್ತದೆ. ಸಹಿ ಹಾಕಲೇಬೇಕಾಗಿ ಬಂದರೆ, ತಡವಾದ ಅವಧಿಯ ಬಡ್ಡಿ ಕೇಳುವ ಹಕ್ಕನ್ನು ಉಳಿಸಿಕೊಂಡಿದ್ದೇನೆ ಎಂಬ ಸಾಲನ್ನು ಸಹಿಯ ಮೇಲೆ ನಿಮ್ಮ ಕೈಯಾರೆ ಬರೆದು, ಅದರ ಪ್ರತಿಯನ್ನು ಅಂದೇ ಇಮೇಲ್ ಮೂಲಕ ಬಿಲ್ಡರಿಗೆ ಕಳುಹಿಸಿ.